ಮನೆಗೇ ಬರುತ್ತಿದ್ದ ಠರಾವು ಪುಸ್ತಕ

ಹೋದ ವಾರ ನನ್ನ ಆಫೀಸಿಗೆ ಕಂಪ್ಲಿ ಕಡೆಯ ಒಬ್ಬ ಮುದುಕಿ ಬಂದಿದ್ದಳು. ಮೈದುನನ ಜೊತೆ ಹೊಲದ ತಕರಾರು. ವಕಾಲತ್ತಿಗೆ ಹೆಬ್ಬೆಟ್ಟು ಬೇಕಿತ್ತು. ಹಳೆಯ ಸ್ಟ್ಯಾಂಪ್ ಪ್ಯಾಡ್ ಒಣಗಿ ಹೋಗಿತ್ತು, ಹೊಸದರ ಮುಚ್ಚಳ ತೆಗೆದೆ. ಆ ನೇರಳೆ ಮಸಿಯ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಔಷಧಿಯ ಹಾಗೆ, ಮೂಗಿಗೆ ಬಡಿದದ್ದೇ ತಡ, ಮೆಂಬರಪ್ಪ ಬಂದು ಎದುರಿನ ಕುರ್ಚಿಯಲ್ಲಿ ಕುಂತಂತಾಯಿತು.

ಅವನು ಸತ್ತು ನಾಲ್ಕು ವರ್ಷವಾಯಿತು. ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಬರೆಯುವುದು ವಾಡಿಕೆ. ನನ್ನಿಂದ ಆಗುವುದಿಲ್ಲ. ಬದುಕಿರುವವರೆಗೂ ಅವನ ಎದುರಿಗೆ ಬಹುವಚನದಲ್ಲೇ ಮಾತಾಡಿದ್ದೇನೆ. ಇಲ್ಲಿ ಏಕವಚನದಲ್ಲಿ ಬರೆಯುತ್ತೇನೆ. ಅಷ್ಟು ಹಕ್ಕನ್ನು ನಾನು ಸಂಪಾದಿಸಿಕೊಂಡಿದ್ದೇನೆ.

ನಮ್ಮದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ. ಊರಿನಾಚೆ ನಮ್ಮ ಕಾಲೊನಿ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಅಪ್ಪ ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ. ಅವ್ವ ಕಂಪ್ಲಿ ಕಡೆಗೆ ಭತ್ತದ ನಾಟಿಗೆ ಹೋಗಿ, ಸೊಂಟ ಬಗ್ಗಿಸಿ ಬಗ್ಗಿಸಿ ನನ್ನನ್ನು ಓದಿಸಿದಳು.

ಮೆಂಬರಪ್ಪ ಊರಿನ ಹಳೆಯ ಮನೆತನದವನು. ಪಂಚಾಯ್ತಿಗೆ ಎಷ್ಟು ಸಲ ಆರಿಸಿ ಬಂದಿದ್ದನೋ ಅವನಿಗೇ ನೆನಪಿರಲಿಲ್ಲ. ಸೋತಾಗಲೂ ಜನ ಮೆಂಬರಪ್ಪ ಅಂತಲೇ ಕರೆಯುತ್ತಿದ್ದರು. ಕೆಟ್ಟವನ ಹಾಗೆ ಕಾಣುತ್ತಿರಲಿಲ್ಲ, ಅದೇ ಅವನ ದೊಡ್ಡ ಬಂಡವಾಳ. ನನಗೆ ಚೇಳು ಕಡಿದಾಗ ತನ್ನ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನು ಅವನೇ. ಕಾಲೇಜಿಗೆ ಬೇಕಾದ ಜಾತಿ ಪ್ರಮಾಣಪತ್ರ, ಬಸ್ ಪಾಸ್, ಎಲ್ಲ ಅವನ ಒಂದು ಮಾತಿನಲ್ಲಿ ಆಗುತ್ತಿದ್ದವು. ಎಲೆಅಡಿಕೆ ತುಂಬಿದ ಬಾಯಿ, ಬಿಳಿ ಅಂಗಿ, ಅದರ ಜೇಬಿನಲ್ಲಿ ಸದಾ ಒಂದು ಸ್ಟ್ಯಾಂಪ್ ಪ್ಯಾಡ್.

ಆ ಪ್ಯಾಡಿಗೆ ಕಾರಣವಿತ್ತು. ಗ್ರಾಮಸಭೆ ಎಂದರೆ ಊರವರೆಲ್ಲ ಒಂದು ಕಡೆ ಸೇರಿ, ಕೇಳಿ, ಕೈ ಎತ್ತಿ ತೀರ್ಮಾನಿಸುವುದು ಎಂದು ಕಾಯ್ದೆ ಹೇಳುತ್ತದೆ. ನಮ್ಮೂರಲ್ಲಿ ಸಭೆಗೆ ಯಾರೂ ಹೋಗುತ್ತಿರಲಿಲ್ಲ. ಸಭೆಯ ಠರಾವು ಪುಸ್ತಕವೇ ಮನೆಮನೆಗೆ ಬರುತ್ತಿತ್ತು. ಖಾಲಿ ಹಾಳೆಯ ಕೆಳಗೆ ಹೆಬ್ಬೆಟ್ಟು ಒತ್ತಿದರೆ ಸಭೆಗೆ ಹಾಜರಾದ ಹಾಗೆ. ಮೇಲಿನ ಜಾಗದಲ್ಲಿ ಏನು ತೀರ್ಮಾನವಾಯಿತೆಂದು ಆಮೇಲೆ ಬರೆದುಕೊಳ್ಳುತ್ತಿದ್ದರು. ನಮ್ಮ ಕಾಲೊನಿಯವರಿಗೆ ಇದು ಮೋಸ ಅನ್ನಿಸಿರಲಿಲ್ಲ. ಮರ್ಯಾದೆ ಅನ್ನಿಸಿತ್ತು. ಮೊದಲೆಲ್ಲ ನಮ್ಮ ಬಾಗಿಲಿಗೆ ಬಾರದವರು ಈಗ ಪುಸ್ತಕ ಹಿಡಿದು ಬಂದು ಕಟ್ಟೆಯ ಮೇಲೆ ಕೂತು ನೀರು ಕೇಳುತ್ತಿದ್ದರಲ್ಲ... 'ನಮ್ಮನಿಗೆ ಪುಸ್ತಕ ಬಂದಿತ್ತು' ಎಂದು ಹೆಂಗಸರು ನಲ್ಲಿಯ ಹತ್ತಿರ ಹೇಳಿಕೊಳ್ಳುತ್ತಿದ್ದರು.

ನಾನು ಪಿಯುಸಿಯಲ್ಲಿದ್ದ ವರ್ಷ ನಮ್ಮ ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಮೀಸಲಾತಿಯಲ್ಲಿ ನಮ್ಮ ಜನದ ಹೆಣ್ಣುಮಗಳಿಗೆ ಬಂತು. ಮೆಂಬರಪ್ಪನ ವಾರ್ಡೂ ಮೀಸಲಾಗಿ, ಆ ಸಲ ಅವನು ಮೆಂಬರಿಕೆಗೂ ನಿಲ್ಲುವ ಹಾಗಿರಲಿಲ್ಲ. ನಿಂತವಳು ನನ್ನ ಅವ್ವ. ನಿಲ್ಲಿಸಿದವನು ಅವನು. ಕಾನೂನು ಅವಳಿಗೆ ಕುರ್ಚಿ ಕೊಟ್ಟಿತು, ರಾಜಕಾರಣ ಆ ಕುರ್ಚಿಯ ಹಿಂದೆ ಅವನನ್ನು ನಿಲ್ಲಿಸಿತು. ನಾಲ್ಕು ಜನರ ಮುಂದೆ ಅವ್ವನನ್ನು 'ಅಧ್ಯಕ್ಷರೇ' ಅನ್ನುತ್ತಿದ್ದ. ಯಾರೂ ಇಲ್ಲದಾಗ 'ಏ ಇವಳೇ' ಆಗುತ್ತಿತ್ತು.

ಒಂದು ಸಂಜೆ ಪುಸ್ತಕ ಹಿಡಿದು ಬಂದ. ಕಾಲೊನಿಯ ಹೆಬ್ಬೆಟ್ಟುಗಳೆಲ್ಲ ಆಗಲೇ ಬಿದ್ದಿದ್ದವು. "ಅಧ್ಯಕ್ಷರೇ, ಹೆಬ್ಬಟ್ಟು ಆರಾಮೈತಲ್ಲ? ಅದಕ್ಕ ನೆಗಡಿ ಪಗಡಿ ಬಂದಿಲ್ಲಲ್ಲ?" ಎಂದು ನಕ್ಕ. ಅವ್ವನೂ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಆ ಕ್ಲರ್ಕಂದು ಕೋಳಿ ಕೆದರಿದಂಗ ಅಕ್ಷರ. ನೀ ಬರಿಯವ್ವ, ನಿಂದು ಭಾಳ ಚಂದ ಐತಿ," ಎಂದು ಪೆನ್ನು ಕೊಟ್ಟ.

ನಾನು ಬರೆದೆ. ಅವನು ಹೇಳಿದ, ನಾನು ಬರೆದೆ. ಇಂಥ ಸರ್ವೆ ನಂಬರಿನ ಜಮೀನಿನಲ್ಲಿ ಅದಿರು ಸಂಗ್ರಹಣೆಯ ಯಾರ್ಡ್ ಮಾಡಲು ಗ್ರಾಮಸಭೆಯ ಆಕ್ಷೇಪಣೆ ಇರುವುದಿಲ್ಲವೆಂದು ಸರ್ವಾನುಮತದಿಂದ ಠರಾವಿಸಲಾಯಿತು... 'ಸರ್ವಾನುಮತ' ಎಂಬ ಪದವನ್ನು ಒಂದು ತಪ್ಪೂ ಇಲ್ಲದೆ ಬರೆದೆ ಎಂದು ಆ ಹೊತ್ತು ನನಗೆ ಹೆಮ್ಮೆಯಾಯಿತು. ಅದರ ಕೆಳಗೆ ಅವ್ವ ಹೆಬ್ಬೆಟ್ಟು ಒತ್ತಿದಳು. ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು.

ಆ ಸರ್ವೆ ನಂಬರು ಯಾವ ಜಾಗ ಎಂದು ನಾನು ಕೇಳಲಿಲ್ಲ. ನಮಗೆ ನಂಬರಿನಿಂದ ಒಂದು ಜಾಗವೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಬನ್ನಿಗಿಡದ ಹೊಲ. ಹೊಲ ಅನ್ನುತ್ತಿದ್ದೆವು ಅಷ್ಟೇ, ಅದು ನಮ್ಮ ಕಾಲೊನಿಯ ಮಣ್ಣು ಮಾಡುವ ಜಾಗ. ಅಜ್ಜ, ಮುತ್ತಜ್ಜ, ಅಪ್ಪ, ಎಲ್ಲರೂ ಅಲ್ಲೇ ಮಲಗಿದ್ದರು. ಬನ್ನಿಗಿಡದಿಂದ ಮೂಡಣಕ್ಕೆ ಇಪ್ಪತ್ತೆರಡು ಹೆಜ್ಜೆ ಹಾಕಿದರೆ ಅಪ್ಪ.

ಗೊತ್ತಾದದ್ದು ಹಿರಿಯರ ಅಮಾವಾಸ್ಯೆಯ ದಿನ. ಹೋಳಿಗೆ, ಅಪ್ಪನಿಗೆ ಇಷ್ಟವಾದ ಬೀಡಿ ಕಟ್ಟು, ಎಲ್ಲ ಬುಟ್ಟಿಯಲ್ಲಿಟ್ಟುಕೊಂಡು ಎಡೆ ಇಡಲು ಹೋದರೆ ಸುತ್ತ ತಗಡಿನ ಬೇಲಿ. ಒಳಗೆ ಬುಲ್ಡೋಜರ್ ಸದ್ದು. ಗಿಡ ಕಾಣಲಿಲ್ಲ. ಕಾವಲಿನವನು "ಠರಾವು ಆಗೈತಿ, ಪಂಚಾಯ್ತಿಗೆ ಹೋಗಿ ಕೇಳ್ರಿ" ಅಂದ. ಪಂಚಾಯ್ತಿಯಲ್ಲಿ ಪುಸ್ತಕ ತೆಗೆದು ತೋರಿಸಿದರು. ನನ್ನ ಅಕ್ಷರ. ಅವ್ವನ ಹೆಬ್ಬೆಟ್ಟು.

ಕಾಲೊನಿ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಪಕ್ಕದ ಮನೆಯ ಅಜ್ಜ ಅವ್ವನ ಮುಂದೆ ಉಗುಳಿ, "ಗಂಡನ ಎದಿ ಮ್ಯಾಲ ಲಾರಿ ಹತ್ತಿಸಿದಿ, ಅಧ್ಯಕ್ಷಿಣಿ," ಅಂದ. ತನ್ನ ಹೆಬ್ಬೆಟ್ಟೂ ಅದೇ ಹಾಳೆಯಲ್ಲಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವ್ವನೂ ಹೇಳಲಿಲ್ಲ.

ಅವ್ವ ಠರಾವು ರದ್ದು ಮಾಡಲು ಹೊರಟಳು. ಆಗ ಮೆಂಬರಪ್ಪನ ಕಡೆಯ ಸದಸ್ಯರು ಕಾಯ್ದೆಯನ್ನೇ ಹಿಡಿದುಕೊಂಡರು. ಅಧ್ಯಕ್ಷರ ಮೇಲೆ ಅವಿಶ್ವಾಸ ತರಬಾರದೆಂದು ಕಾಯ್ದೆ ಹೇಳಿದ ಅವಧಿ ಮುಗಿಯುವವರೆಗೆ ಅವಳ ಸಭೆಗಳಿಗೆ ಒಬ್ಬರೂ ಬಾರದೆ ಕಾದರು. ಮುಗಿದ ಕೂಡಲೆ ನೋಟಿಸು ಕೊಟ್ಟರು. ನೋಟಿಸು ಸರಿಯಾಗಿತ್ತು, ದಿನಗಳ ಲೆಕ್ಕ ಸರಿಯಾಗಿತ್ತು, ಸದಸ್ಯರ ಕೈಗಳೂ ಸರಿಯಾಗಿಯೇ ಎದ್ದವು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಅವ್ವನ ಪರವಾಗಿ ಎದ್ದದ್ದು ಅವಳ ಕೈ ಒಂದೇ. ಮೆಂಬರಪ್ಪ ಅಂಗಳದ ಕಟ್ಟೆಯ ಮೇಲೆ ಕೂತು ಎಲೆ ಮಡಿಸುತ್ತಿದ್ದ. ಕಾಗದದಲ್ಲಿ ನೋಡಿದರೆ ಅವನಿಗೂ ಆ ಸಭೆಗೂ ಸಂಬಂಧವೇ ಇರಲಿಲ್ಲ.

ಹೊರಗೆ ಬಂದಾಗ ನನ್ನನ್ನು ಕರೆದು ಹೇಳಿದ: "ಎಲ್ಲಾ ಕಾನೂನಿನ ಪ್ರಕಾರನ ಆತವ್ವ. ಕಾನೂನು ಅಂದ್ರ ಏನಂತ ತಿಳದಿ? ಎಣಿಸಿದ ಕೈ. ಬೇಕಂದ್ರ ಓದಿ ನೋಡ್ಕ್ಯಾ, ಓದೋಕಿ ಅದೀಯಲ್ಲ."

ಓದಿದೆ. ಹೊಸಪೇಟೆಯಲ್ಲಿ ಬಿಎ, ಬಳ್ಳಾರಿಯಲ್ಲಿ ಕಾನೂನು. ರಜೆಯಲ್ಲಿ ಹಂಪಿಯ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದು ಪುಸ್ತಕ ಕೊಂಡೆ. ಕಾಲೇಜಿನಲ್ಲಿ ಮೇಷ್ಟ್ರು ಸಂವಿಧಾನದ ಮೂಲತತ್ವಗಳ ಬಗ್ಗೆ ಹೇಳುವಾಗ ಬೇರೆಯವರು ಪರೀಕ್ಷೆಗೆಂದು ಬರೆದುಕೊಳ್ಳುತ್ತಿದ್ದರು. ನಾನು ಒಬ್ಬನಿಗಾಗಿ ಬರೆದುಕೊಳ್ಳುತ್ತಿದ್ದೆ. ನ್ಯಾಯಕ್ಕಾಗಿ ವಕೀಲಳಾದೆ ಎಂದು ಸನ್ಮಾನದ ವೇದಿಕೆಗಳಲ್ಲಿ ಹೇಳಿದ್ದೇನೆ. ಅದು ಅಷ್ಟು ನಿಜವಲ್ಲ. ಸೇಡಿಗಾಗಿ ಆದೆ.

ಸನ್ನದು ಸಿಕ್ಕ ವರ್ಷವೇ ಹೊಸಪೇಟೆ ಕೋರ್ಟಿನಲ್ಲಿ ದಾವೆ ಹಾಕಿದೆ. ವಾದಿ ನನ್ನ ಅವ್ವ. ಅಷ್ಟೊತ್ತಿಗೆ ಅವಳು ಸಹಿ ಮಾಡಲು ಕಲಿತಿದ್ದಳು. ಯಾರ್ಡಿನವರು ಗಡಿಕಲ್ಲುಗಳನ್ನೆಲ್ಲ ಕಿತ್ತಿದ್ದರು. ಬನ್ನಿಗಿಡದ ಹೊಲಕ್ಕೆ ಅಂಟಿಕೊಂಡೇ ಮೆಂಬರಪ್ಪನ ಹೊಲ, ಅದರ ಅಂಚಿನಲ್ಲಿ ಅವನ ಅಪ್ಪ, ಅಜ್ಜನ ಸಮಾಧಿಗಳು. ಗಡಿ ಗೊತ್ತಾಗುವವರೆಗೆ ಎರಡೂ ಜಮೀನಿನಲ್ಲಿ ಒಂದು ಗುದ್ದಲಿ ಮಣ್ಣೂ ಅಗೆಯಬಾರದು ಎಂದು ಕೇಳಿದೆ. ಅವನ ಹೊಲವನ್ನು ಸೇರಿಸದಿದ್ದರೂ ನಡೆಯುತ್ತಿತ್ತು. ಬೇಕಂತಲೇ ಸೇರಿಸಿದೆ. ತಡೆಯಾಜ್ಞೆ ಸಿಕ್ಕಿತು.

ಆದರೆ ಕೋರ್ಟಿನಲ್ಲಿ ಗೆದ್ದದ್ದನ್ನು ಹೊರಗೂ ಕಾಯಬೇಕಾಗುತ್ತದೆ. ಇಂಥ ಯಾರ್ಡುಗಳನ್ನೆಲ್ಲ ಸಕ್ರಮ ಮಾಡುವ ಒಂದು ಸುತ್ತೋಲೆ ಮೇಲಿನಿಂದ ಬಂತು. ಅದು ನಿಂತಿದ್ದರೆ ನನ್ನ ದಾವೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತಿತ್ತು. ಚುನಾವಣೆ ಹತ್ತಿರವಿತ್ತು. ಆಗ ನಾನು ಮೆಂಬರಪ್ಪನಿಂದ ಕಲಿತ ವಿದ್ಯೆಯನ್ನೇ ಬಳಸಿದೆ. ಒಂದು ಪುಸ್ತಕ ಹಿಡಿದು ಮನೆಮನೆಗೆ ಹೋದೆ. ಒಂದೇ ವ್ಯತ್ಯಾಸ, ಮೇಲಿನದನ್ನು ಮೊದಲು ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಿಕೊಂಡೆ. ಹತ್ತು ಕಾಲೊನಿಗಳ ಹೆಬ್ಬೆಟ್ಟುಗಳನ್ನು ಓಟು ಕೇಳಲು ಬಂದವರ ಮೇಜಿನ ಮೇಲಿಟ್ಟು, ಸುತ್ತೋಲೆ ಬೇಕೋ ಇವು ಬೇಕೋ ಎಂದು ಕೇಳಿದೆ. ಓಟಿನ ಮೊದಲೇ ಸುತ್ತೋಲೆ ವಾಪಸು ಹೋಯಿತು. ಎಣಿಸಿದ ಕೈ... ಅವನು ಸುಳ್ಳು ಹೇಳಿರಲಿಲ್ಲ.

ದಾವೆ ಇನ್ನೂ ನಡೆಯುತ್ತಿರುವಾಗಲೇ ಮೆಂಬರಪ್ಪ ಸತ್ತ. ಬೆಳಿಗ್ಗೆ ಕೋರ್ಟು ಶುರುವಾಗುವ ಮೊದಲೇ ಅವನ ಮಗ ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದ. ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಎಲ್ಲ ತಯಾರಿ ಆಗಿತ್ತು. ತನ್ನಪ್ಪನ ಮಗ್ಗುಲಲ್ಲಿ ಮಣ್ಣು ಮಾಡಬೇಕು ಎಂದು ಮೆಂಬರಪ್ಪ ಸಾಯುವಾಗ ಕೇಳಿದ್ದನಂತೆ. ಆ ಜಾಗದ ಮೇಲೆ ನನ್ನ ತಡೆಯಾಜ್ಞೆಯಿತ್ತು.

"ಅಕ್ಕಾರ, ನಿಮ್ಮ ಕಡಿಂದ ತಕರಾರಿಲ್ಲಂತ ಒಂದು ಮೆಮೊ ಕೊಟ್ರ ಸಾಹೇಬ್ರು ಇವತ್ತ ಸಡಿಲು ಮಾಡ್ತಾರಂತ್ರಿ. ಬರಸ್ಕೊಂಡ ಬಂದೀನಿ. ನಿಮ್ಮ ಅವ್ವಾರದೊಂದು ಸಹಿ ಸಾಕು."

ವಾದಿ ನಾನಲ್ಲ, ಅವ್ವನನ್ನು ಕೇಳಬೇಕು ಎಂದೆ. ಅವನ ಹಿಂದೆಯೇ ಊರಿಗೆ ಹೋದೆ. ನೋಡಬೇಕಿತ್ತು ನನಗೆ.

ಅವ್ವ ಕಾಗದ ಮುಟ್ಟಲಿಲ್ಲ. "ನನ್ನ ಒಬ್ಬಾಕಿ ಸಹಿಲೆ ಏನ್ ಆಕೈತಪ್ಪ. ಕಾಲೊನ್ಯಾಗ ಎಲ್ಲರ ಮುಂದ ಓದು," ಅಂದಳು. ಜನ ಸೇರಿದರು. ಮೆಂಬರಪ್ಪನ ಮಗ ಸಮುದಾಯ ಭವನದ ಮುಂದೆ ಬರಿಗಾಲಲ್ಲಿ ನಿಂತು ಓದಿದ. ಸರ್ವೆ ನಂಬರ್ ಎಂದು ಶುರು ಮಾಡಿದ್ದೇ ಅವ್ವ ತಡೆದಳು.

"ನಂಬರ್ ಬ್ಯಾಡ. ನಿಮ್ಮ ಹೊಲದ ಬಾಜು ಏನೈತಿ, ಹೆಸರು ಹೇಳು."

"ಬನ್ನಿಗಿಡದ ಹೊಲ."

"ಅಲ್ಲಿ ಯಾರದಾರ?"

ಅವನು ಕಾಗದವನ್ನು ಮಡಿಸಿದ. ಆಮೇಲೆ, "ನಿಮ್ಮೋರು," ಅಂದ.

"ಹೂಂ. ಈಗ ಕೇಳು ಇವರನ್ನ. ಒಪ್ಪಿದೋರು ಕೈ ಎತ್ತಲಿ."

ಕೇಳಿದ. ಒಂದು ಕೈಯೂ ಏಳಲಿಲ್ಲ. ಅವ್ವನ ಕೈ ಸೆರಗಿನ ಒಳಗೇ ಇತ್ತು. ಉಗುಳಿದ್ದ ಅಜ್ಜ ಗೋಡೆಗೆ ಒರಗಿ ಕೂತು, "ಎತ್ತಬೇಕಂತೀನಿ ಸಾವ್ಕಾರ, ಹೆಗಲು ನೋವು ಭಾಳ," ಅಂದ. ಯಾರೋ ಒಬ್ಬರು ನಕ್ಕರು. ನಾನು ಒಂದರಿಂದ ಎಣಿಸಲು ಕಾಯುತ್ತಾ ನಿಂತಿದ್ದೆ, ಎಣಿಸುವ ಕೆಲಸವೇ ಬೀಳಲಿಲ್ಲ. ಸರ್ವಾನುಮತ.

ಅವನನ್ನು ಕಾಲುವೆಯಾಚೆ, ಬೀಗರ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ಆ ಮಧ್ಯಾಹ್ನ ಹೊಸಪೇಟೆಗೆ ಬಂದು ಹೋಟೆಲಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಮಗನ ತಪ್ಪೇನಿತ್ತು ಎಂದು ಗೆಳತಿಯೊಬ್ಬಳು ಕೇಳಿದಳು. ಏನೂ ಇರಲಿಲ್ಲ. ನನ್ನ ಅಪ್ಪನದೂ ಏನೂ ಇರಲಿಲ್ಲ ಎಂದೆ.

ಹೋದ ವರ್ಷ ದಾವೆ ನಮ್ಮ ಪರವಾಗಿ ಆಯಿತು. ಯಾರ್ಡು ತೆಗೆದರು. ಬೇಲಿ ಬಿಚ್ಚಿದ ದಿನ ಕಾಲೊನಿಯೆಲ್ಲ ಹೋದೆವು. ಮೂರಡಿ ಮಣ್ಣು ಕೆರೆದು ಒಯ್ದಿದ್ದರು, ಉಳಿದದ್ದು ಅದಿರಿನ ಕೆಂಪು ಧೂಳು. ಬನ್ನಿಗಿಡದ ಬೇರೂ ಸಿಗಲಿಲ್ಲ. ಗಿಡವೇ ಇಲ್ಲದ ಮೇಲೆ ಇಪ್ಪತ್ತೆರಡು ಹೆಜ್ಜೆಯನ್ನು ಎಲ್ಲಿಂದ ಹಾಕುವುದು... ಅವ್ವ ಈಗ ಪ್ರತಿ ಅಮಾವಾಸ್ಯೆಗೂ ಬೇರೆ ಬೇರೆ ಜಾಗದಲ್ಲಿ ಎಡೆ ಇಡುತ್ತಾಳೆ. ಒಂದಲ್ಲ ಒಂದು ಸಲ ಅಪ್ಪನಿಗೆ ಮುಟ್ಟುತ್ತದೆ ಅನ್ನುತ್ತಾಳೆ. ಆ ತೀರ್ಪನ್ನು ನಾನು ಓದಿ ಹೇಳಬೇಕಿದ್ದದ್ದು ಇಬ್ಬರಿಗೆ. ಒಬ್ಬ ಎಲ್ಲಿದ್ದಾನೋ ಗೊತ್ತಿಲ್ಲ. ಇನ್ನೊಬ್ಬ ಕೇಳುವ ಮೊದಲೇ ಹೋದ. ಎರಡನೆಯದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮುದುಕಿ ನೇರಳೆ ಬೆರಳನ್ನು ಗಾಳಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ನಾನು ವಕಾಲತ್ತನ್ನು ಮೊದಲ ಸಾಲಿನಿಂದ ಓದತೊಡಗಿದೆ. ಅರ್ಧಕ್ಕೇ ಅವಳಿಗೆ ಬೇಸರವಾಯಿತು. "ಸಾಕು ಬಿಡವ್ವ, ಬಸ್ ಹೋಕೈತಿ. ನಿನ್ನ ಮ್ಯಾಲ ನಂಬಿಕಿ ಐತಿ, ಎಲ್ಲಿ ಒತ್ತಲಿ ಹೇಳು."

ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ.

"ನಂಬಬ್ಯಾಡಬೇ, ಕೇಳು," ಎಂದು ಮತ್ತೆ ಮೊದಲಿನಿಂದ ಓದಿದೆ.