ಕೋಣೆ ಇಲ್ಲದ ಕಿಟಕಿ

ಹೋದ ಶನಿವಾರ ಇಲ್ಲಿ ಮಿಶಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಐವತ್ತೆಂಟು ವರ್ಷದ ಇಂಗ್ಲೆಂಡಿನವನೊಬ್ಬ ಒಂದು ಗೋಡೆಗೆ ಕೆನ್ನೆ ಆನಿಸಿ ನಿಂತುಬಿಟ್ಟ. ಸುಸ್ತಾಗಿ ಒರಗಿದ್ದಲ್ಲ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೆನ್ನೆ ಆನಿಸಿ. ಐಸ್‌ಕ್ರೀಮ್ ತಿನ್ನುತ್ತಿದ್ದ ಮಕ್ಕಳು ಅವನನ್ನೇ ನೋಡುತ್ತಿದ್ದವು. ನಾನು ಮರ್ಯಾದೆಗೆ ಅಂಜಿ ಬೇರೆ ಕಡೆ ನೋಡಿದೆ.

ಅವನು ನೈಜೆಲ್. ನನ್ನ ಆಫೀಸಿನವನು. ಕಾರಿನ ಬ್ರೇಕ್ ಟೆಸ್ಟ್ ಮಾಡುವ ನಮ್ಮ ಟೀಮಿನಲ್ಲಿ ಹನ್ನೊಂದು ವರ್ಷದಿಂದ ಪಕ್ಕದ ಕುರ್ಚಿ ಅವನದು. (ಎಚ್ಚರವಿರುವ ಹೊತ್ತು ಲೆಕ್ಕ ಹಾಕಿದರೆ ಗಂಡನ ಮುಖಕ್ಕಿಂತ ಅವನ ಮುಖವನ್ನೇ ಹೆಚ್ಚು ನೋಡಿದ್ದೇನೆ. ಗಂಡನೂ ಈ ಅಂಕಣ ಓದುತ್ತಾರೆ, ಇರಲಿ.) ಅವನು ಅಳುವುದು ಹಾಗಿರಲಿ, ಜೋರಾಗಿ ನಕ್ಕಿದ್ದನ್ನೂ ನಾನು ಕಂಡವಳಲ್ಲ.

ಗೋಡೆಯ ವಿಷಯಕ್ಕೆ ಬರುತ್ತೇನೆ. ಡಿಯರ್‌ಬಾರ್ನ್‌ನ ಬಯಲು ಮ್ಯೂಸಿಯಂನಲ್ಲಿ ಇಂಗ್ಲೆಂಡಿನ ಹಳ್ಳಿಯ ಕಲ್ಲಿನ ಮನೆಯೊಂದಿದೆ. ನಕಲಲ್ಲ, ಅಸಲಿ. ಕಾರು ಮಾಡಿ ಶ್ರೀಮಂತನಾದ ದೊಡ್ಡ ಮನುಷ್ಯನೊಬ್ಬ ಅಲ್ಲಿ ನಿಂತಿದ್ದ ಮನೆಯನ್ನು ಕೊಂಡು, ಬಿಚ್ಚಿಸಿ, ಕಲ್ಲುಗಳಿಗೆ ನಂಬರ್ ಹಾಕಿಸಿ, ಹಡಗಿನಲ್ಲಿ ತರಿಸಿ, ಇಲ್ಲಿ ಮತ್ತೆ ಕಟ್ಟಿಸಿದ. ದುಡ್ಡಿದ್ದವರ ಹುಚ್ಚು ಅಂತೀರಾ? ನಾನೂ ಹಾಗೇ ಅಂದುಕೊಂಡಿದ್ದೆ, ಶನಿವಾರದವರೆಗೆ.

ನೈಜೆಲ್ ಹುಟ್ಟಿದ್ದು ಆ ಮನೆ ಇದ್ದ ಸೀಮೆಯಲ್ಲೇ, ಒಂದು ಪುಟ್ಟ ಊರಿನಲ್ಲಿ. ಅಲ್ಲಿ ಕಂಡದ್ದೆಲ್ಲ ಸಂರಕ್ಷಿತ. ಚರ್ಚು ಸರಿ, ಸೇತುವೆ ಸರಿ. ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿಯೂ ಸಂರಕ್ಷಿತ. ಕೆಂಪು ಟೆಲಿಫೋನ್ ಬೂತ್ ಕೂಡ. ಲಂಚ್ ಹೊತ್ತಿನಲ್ಲಿ ಸ್ಯಾಂಡ್‌ವಿಚ್ ಮುಂದಿಟ್ಟುಕೊಂಡು ಆ ಪಟ್ಟಿಯನ್ನು ಮಗ್ಗಿ ಹೇಳಿದ ಹಾಗೆ ಹೇಳುತ್ತಾನೆ. ಅವರಮ್ಮನ ಮನೆಯೂ ಪಟ್ಟಿಯಲ್ಲಿದೆ. ಒಂದು ಕಿಟಕಿ ಬದಲಾಯಿಸಬೇಕೆಂದರೆ ಅರ್ಜಿ ಹಾಕಬೇಕು. ಪ್ಲಾಸ್ಟಿಕ್ ಚೌಕಟ್ಟು ಕೂಡದು.

ಹೋದ ಚಳಿಗಾಲದಲ್ಲಿ ಅವರಮ್ಮ ತೀರಿಕೊಂಡರು. ಆಮೇಲೆ ಆ ಮನೆ ಮಾರಾಟವಾಯಿತು. ಈಗ ಲಂಡನ್ನಿನ ಯಾರೋ ವೀಕೆಂಡಿಗೆ ಬಂದು ಹೋಗುತ್ತಾರಂತೆ.

ಗೋಡೆಯಿಂದ ಕೆನ್ನೆ ತೆಗೆದು, ಕನ್ನಡಕ ಹಾಕಿಕೊಂಡು ನೈಜೆಲ್ ಹೇಳಿದ್ದು ಇಷ್ಟೇ. "ಅದೇ ಕಲ್ಲು. ಬಿಸಿಲಿಗೆ ಅದೇ ವಾಸನೆ. ಊರಲ್ಲಿ ನಮ್ಮ ಮನೆ ಹೇಗಿತ್ತೋ ಹಾಗೇ ಇದೆ, ಒಂದು ಮೊಳೆಯೂ ಬದಲಾಗಿಲ್ಲ. ಬಾಗಿಲು ತಟ್ಟಿದರೆ ತೆಗೆಯೋರು ನಮ್ಮವರಲ್ಲ."

ನನ್ನ ಕೈ ಬ್ಯಾಗಿನಲ್ಲಿದ್ದ ಫೋನಿನ ಮೇಲೆ ಹೋಯಿತು. ಯಾಕೆಂದರೆ ಹಿಂದಿನ ದಿನವಷ್ಟೇ ವಿಜಾಪುರದಿಂದ ನನ್ನ ತಮ್ಮ ಇಮ್ತಿಯಾಜ್‌ನ ಮೆಸೇಜ್ ಬಂದಿತ್ತು. "ಆಪಾ, ಹಳೇ ಮನಿ ಹಿಂದಿನ ಗ್ವಾಡಿ ಮಳಿಗೆ ಬಿತ್ತು. ಯಾರಿಗೂ ಏನೂ ಆಗಿಲ್ಲ. ಉಳದದ್ದೂ ಬೀಳೂದ್ರಾಗ ನಾವಽ ಇಳಸ್ತೀವಿ. ನಿನಗ ಏನರ ಬೇಕಾದ್ರ ಆಯ್ತಾರದೊಳಗ ಹೇಳು."

ಏನಾದರೂ ಬೇಕಾದರೆ! ಹುಟ್ಟಿದ ಮನೆಯಿಂದ ಏನು ಬೇಕು ಅಂತ ಎರಡು ದಿನದಲ್ಲಿ ಹೇಳಬೇಕು. ನೀವಾದರೆ ಏನು ಕೇಳುತ್ತಿದ್ದಿರಿ?

ವಿಜಾಪುರದಲ್ಲಿ (ಈಗ ವಿಜಯಪುರ, ನನ್ನ ಬಾಯಿಗೆ ಇನ್ನೂ ಬಂದಿಲ್ಲ) ನಮ್ಮ ಮನೆ ಒಂದು ಸಣ್ಣ ಗುಮ್ಮಟದ ಪಕ್ಕ ಇತ್ತು. ನೀವು ಶಾಲೆಯ ಟ್ರಿಪ್ಪಿನಲ್ಲಿ ಹೋಗಿ ಕಿವಿಗೊಟ್ಟು ಕೂಗಿ ಬಂದಿರಲ್ಲ, ಆ ಗೋಳಗುಮ್ಮಟ ಅಲ್ಲ. ಇದು ಓಣಿಯೊಳಗಿನದು. ಯಾರ ಗೋರಿ ಅಂತ ಓಣಿಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮುಂದೆ ಒಂದು ನೀಲಿ ಬೋರ್ಡು: ಸಂರಕ್ಷಿತ ಸ್ಮಾರಕ. ಮಿಶಿಗನ್‌ನಲ್ಲಿ ನೂರು ವರ್ಷದ ಕಟ್ಟಡ ಸಿಕ್ಕರೆ ಬೋರ್ಡು ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಓಣಿಯಲ್ಲಿ ಚಹಾದಂಗಡಿಗೇ ಅಷ್ಟು ವಯಸ್ಸಾಗಿತ್ತು.

ಆ ಬೋರ್ಡು ನಮ್ಮ ಮನೆಯ ಪಾಲಿಗೆ ಶನಿ. ಕಾಯ್ದೆ ಪ್ರಕಾರ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸದೇನೂ ಕಟ್ಟುವ ಹಾಗಿಲ್ಲ. ನಮ್ಮ ಮನೆ ಎಷ್ಟು ದೂರ? ಅಬ್ಬಾ ಹೆಜ್ಜೆ ಹಾಕಿ ಅಳೆದಿದ್ದರು. ನಲವತ್ತು ಹೆಜ್ಜೆ.

ಅಬ್ಬಾ ಎಲೆಕ್ಟ್ರಿಶಿಯನ್. ಒಂದೇ ಆಸೆ ಇತ್ತು ಅವರಿಗೆ: ಮಾಳಿಗೆಯ ಮೇಲೆ ಒಂದು ಕೋಣೆ. ಕೆಳಗೆ ಎರಡೇ ಕೋಣೆ, ನಾವು ಏಳು ಜನ. ನಾನು ಎಸ್ಸೆಸ್ಸೆಲ್ಸಿ. "ನನ್ನ ಮಗಳಿಗೆ ಓದೋಕೆ ಒಂದು ಖೋಲಿ ಬೇಕು" ಅಂತ ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ಲಾನ್ ಬರೆದರು. ಅರ್ಜಿ ಹಾಕಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅನುಮತಿ ಇವತ್ತಲ್ಲ ನಾಳೆ ಬರುತ್ತದೆ ಅಂತ ನಂಬಿ, ಹಳೇ ಸಾಮಾನಿನ ಅಂಗಡಿಯಿಂದ ಸಾಗವಾನಿಯ ಒಂದು ಕಿಟಕಿ ತಂದುಬಿಟ್ಟರು. ಯಾವುದೋ ವಾಡೆ ಕೆಡವಿದಾಗ ಬಂದದ್ದು. ನಾಲ್ಕು ಕದ, ಕಬ್ಬಿಣದ ಸರಳು, ನನ್ನೆತ್ತರಕ್ಕೆ ಇತ್ತು. ಗುಮ್ಮಟದ ಕಡೆಗೇ ಇದನ್ನು ಇಡಿಸುತ್ತೇನೆ, ಓದಿ ಓದಿ ಬೇಜಾರಾದರೆ ಹೊರಗೆ ನೋಡಲಿ ಅಂತ ಅವರ ಲೆಕ್ಕಾಚಾರ.

ಅರ್ಜಿಗೆ ಉತ್ತರ ಬಂತು: "ತಮ್ಮ ಅರ್ಜಿ ಪರಿಶೀಲನೆಯಲ್ಲಿದೆ."

ಮರು ವರ್ಷವೂ ಪರಿಶೀಲನೆಯಲ್ಲಿತ್ತು. ಅದರ ಮರು ವರ್ಷವೂ. ಯಾರಾದರೂ ಒಮ್ಮೆ ಖಡಾಖಂಡಿತವಾಗಿ ಇಲ್ಲ ಅಂದುಬಿಟ್ಟಿದ್ದರೆ ಅಬ್ಬಾ ಆ ಕಿಟಕಿಯನ್ನು ಮಾರಿಬಿಡುತ್ತಿದ್ದರೇನೋ. ಯಾರೂ ಅನ್ನಲಿಲ್ಲ. ಮನೆಯಲ್ಲಿ ಅದೊಂದು ತಮಾಷೆಯೇ ಆಗಿಹೋಯಿತು. 'ಅಮ್ಮಿ, ಅಡುಗೆಯಾಯಿತಾ?' ಅಂದರೆ, ಪರಿಶೀಲನೆಯಲ್ಲಿದೆ. ಹೋಮ್‌ವರ್ಕ್? ಪರಿಶೀಲನೆಯಲ್ಲಿದೆ. ಅಬ್ಬಾ ಮಾತ್ರ ನಗುತ್ತಿರಲಿಲ್ಲ.

ಕಿಟಕಿ ಅಂಗಳದ ಗೋಡೆಗೆ ಒರಗಿ ನಿಂತೇ ಇತ್ತು. ಕೋಣೆ ಇಲ್ಲದ ಕಿಟಕಿ. ಅದರ ಸರಳಿನ ಹಿಂದೆ ಕೂತು ಇಮ್ತಿಯಾಜ್ ರೈಲು ಟಿಕೆಟ್ ಕೊಡುವ ಆಟ ಆಡುತ್ತಿದ್ದ. ಅಮ್ಮಿ ಅದರ ಮೇಲೆ ಒದ್ದೆ ಟವೆಲ್ ಹರವುತ್ತಿದ್ದಳು. ಕೋಳಿಗಳಿಗಂತೂ ಅದೇ ಅರಮನೆ.

ನಾನು? ಪುಸ್ತಕ ಹಿಡಿದು ನಲವತ್ತು ಹೆಜ್ಜೆ ನಡೆದು ಗುಮ್ಮಟದ ಕಮಾನಿನ ಕೆಳಗೆ ಕೂತೆ. ಮೇ ತಿಂಗಳಲ್ಲೂ ಅಲ್ಲಿ ತಂಪು. ಎಸ್ಸೆಸ್ಸೆಲ್ಸಿ, ಪಿಯುಸಿ, ಇಂಜಿನಿಯರಿಂಗಿನ ರಜೆಗಳು, ಎಲ್ಲ ಆ ಕಲ್ಲಿನ ಮೇಲೆಯೇ. ಸಂಜೆ ಆರಕ್ಕೆ ಚೌಕಿದಾರ ಚಾಚಾ ಸೀಟಿ ಊದಿದರೆ ಎದ್ದು ಬರಬೇಕು. ಕೋಣೆ ಸಿಗದಂತೆ ಮಾಡಿದ್ದು ಅದೇ ಗುಮ್ಮಟ, ಕೂರಲು ಜಾಗ ಕೊಟ್ಟಿದ್ದೂ ಅದೇ. ನಾನು ಅದನ್ನು ಬೈಯಲೇ, ಸಲಾಂ ಮಾಡಲೇ? ಮೂವತ್ತು ವರ್ಷವಾದರೂ ತೀರ್ಮಾನವಾಗಿಲ್ಲ.

ಅಬ್ಬಾ ಹೋಗಿ ಒಂಬತ್ತು ವರ್ಷ. ಇಮ್ತಿಯಾಜ್ ಊರ ಹೊರಗಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ. ನಾಲ್ಕು ತಿಂಗಳ ಹಿಂದೆ ಅಮ್ಮಿ, ಅವನ ಹೆಂಡತಿ, ಮಕ್ಕಳು ಎಲ್ಲ ಅಲ್ಲಿಗೆ ಹೋದರು. ನಾನು ಗೃಹಪ್ರವೇಶಕ್ಕೆ ಹೋಗಲಿಲ್ಲ. ಹೊಸ ಮಾಡೆಲ್ಲಿನ ಲಾಂಚ್ ಇತ್ತು. ಊರಿಗೆ ಹೋಗಿ ಆರು ವರ್ಷವಾಯಿತು. (ಕಾರಣಗಳ ಪಟ್ಟಿ ನನ್ನ ಹತ್ತಿರವೂ ಇದೆ. ನೈಜೆಲ್‌ನದಕ್ಕಿಂತ ಉದ್ದ.)

ಶನಿವಾರ ಡಿಯರ್‌ಬಾರ್ನ್‌ನಿಂದ ಫಾರ್ಮಿಂಗ್ಟನ್ ಹಿಲ್ಸ್‌ಗೆ ಡ್ರೈವ್ ಮಾಡುವಾಗ ತಲೆಯಲ್ಲಿ ಅದೇ ಮನೆ. ಬಾಗಿಲ ಚೌಕಟ್ಟು. ಅಬ್ಬಾ ಚಪ್ಪಲಿ ಬಿಡುತ್ತಿದ್ದ ಮೆಟ್ಟಿಲು. ಅಡುಗೆಮನೆಯ ಹೊಗೆ ಹಿಡಿದ ಗೂಡು. ಯೋಚನೆಯಲ್ಲಿ ಎಕ್ಸಿಟ್ ತಪ್ಪಿಸಿಕೊಂಡು ಮುಂದಿನ ಊರು ನೋವೈವರೆಗೂ ಹೋಗಿಬಿಟ್ಟೆ. ಮನೆಗೆ ಬರುವಷ್ಟರಲ್ಲಿ ನನಗೂ ಆ ಕಾರಿನ ಸಾಹುಕಾರನ ಹುಚ್ಚು ಹಿಡಿದಿತ್ತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಸಂಜೆ.

"ಕಲ್ಲಿಗೆಲ್ಲ ಸುಣ್ಣದಲ್ಲಿ ನಂಬರ್ ಬರಿ. ಮುಂಬಾಗಿಲ ಗೋಡೆ, ಮೆಟ್ಟಿಲು, ಒಂದೂ ಬಿಡಬೇಡ. ಫೋಟೋ ತೆಗೆದಿಡು" ಅಂದೆ.

ನಮ್ಮ ಮನೆಮಾತು ದಖನಿ ಉರ್ದು. ಆದರೆ ಇಮ್ತಿಯಾಜ್ ಮೆಸೇಜ್ ಬರೆಯುವುದು ಕನ್ನಡದಲ್ಲಿ, ಸಿಟ್ಟು ಬಂದರೆ ಮಾತಿನಲ್ಲೂ ಕನ್ನಡಕ್ಕೆ ಇಳಿಯುತ್ತಾನೆ. ಜಗಳ ಕಲಿತದ್ದು ಓಣಿಯಲ್ಲಿ, ಅದಕ್ಕೆ.

"ನಂಬರ್ ಹಾಕಿ ಏನ್ ಮಾಡ್ಲಿ ಆಪಾ? ಕೊರಿಯರ್ ಮಾಡ್ಲೇನು? ಮಳಿಗಾಲಕ್ಕೊಮ್ಮೆ ಬುಟ್ಟಿ, ಬಕೀಟು ಇಟಗೊಂಡು ಕುಂತವ್ರು ನಾವು. ನೀ ಆರು ವರ್ಷದಾಗ ಒಮ್ಮೆರ ಬಂದು ಒಂದ್ ಬಕೀಟು ಚೆಲ್ಲೀಯೇನು?"

ಉತ್ತರ ಇಲ್ಲದವರು ಮಾಡುವುದನ್ನೇ ಮಾಡಿದೆ, ದನಿ ಏರಿಸಿದೆ.

"ಏನೂ ಬೇಡ ಹಾಗಾದರೆ. ಅಬ್ಬಾನ ಕಿಟಕಿ ಒಂದು ತೆಗೆದಿಡು, ಸಾಕು."

ಅವನು ಪಕ್ಕದಲ್ಲಿದ್ದ ಅಮ್ಮಿಯ ಕಡೆ ನೋಡಿದ. ಆಮೇಲೆ, "ಅದು ಅಲ್ಲಿಲ್ಲ" ಅಂದ.

"ಮಾರಿದಿರಾ? ಅಬ್ಬಾನ ಕಿಟಕಿ ಮಾರಿದಿರಾ?"

ನನ್ನ ಕೂಗಿಗೆ ಮಗಳು ಸನಾ ಮೇಲಿನಿಂದ ಇಳಿದು ಬಂದಳು. "ಮಾಮ್, ಹೂ ಆರ್ ಯು ಯೆಲ್ಲಿಂಗ್ ಅಟ್?" ಯಾರ ಮೇಲೆ ಅಂತ ಹೇಳಲಿ? ಸ್ವಂತ ಬೆಡ್‌ರೂಮಿನ ಬಾಗಿಲಿಗೆ 'ನಾಕ್ ಮಾಡಿ' ಅಂತ ಬೋರ್ಡು ಹಾಕಿಕೊಂಡಿರುವ ಹುಡುಗಿಗೆ ಈ ಕಿಟಕಿಯ ಕಥೆ ಎಲ್ಲಿಂದ ಶುರುಮಾಡಲಿ?

ಅಷ್ಟರಲ್ಲಿ ಫೋನ್ ಅಮ್ಮಿಯ ಕೈಗೆ ಹೋಗಿತ್ತು. ಅಮ್ಮಿ ಫೋನ್ ಹಿಡಿದರೆ ನಮಗೆ ಕಾಣುವುದು ಅವಳ ಕಿವಿಯೋಲೆ, ಇಲ್ಲವೇ ಫ್ಯಾನು. ಆವತ್ತು ಮೆಟ್ಟಿಲು ಕಾಣಿಸಿದವು, ಒಂದೊಂದಾಗಿ. ಏದುಸಿರು ಕೇಳಿಸುತ್ತಿತ್ತು. "ತಡಿ, ತಡಿ, ಮಂಡಿ ನೋವು" ಅನ್ನುತ್ತಾ ಹತ್ತುತ್ತಿದ್ದಳು. ಒಂದು ಬಾಗಿಲು ತಳ್ಳಿದಳು. ಹಸಿರು ಬಣ್ಣದ ಗೋಡೆ. ಫೋನನ್ನು ಹೊರಗೆ ತಿರುಗಿಸಿದಳು.

ಕಿಟಕಿ.

ನಾಲ್ಕು ಕದ, ಅದೇ ಸರಳು. ಕೋಳಿ ಕುಕ್ಕಿದ್ದ ಮೂಲೆಗೂ ಪಾಲಿಶ್ ಹಾಕಿಸಿದ್ದಾರೆ. ಮೂವತ್ತು ವರ್ಷ ನೆಲದ ಮೇಲೆ ನಿಂತಿದ್ದದ್ದು ಕೊನೆಗೂ ಗೋಡೆಯೊಳಗೆ ಸೇರಿದೆ. ಅದರಾಚೆ ಖಾಲಿ ಸೈಟುಗಳು, ಒಂದು ನೀರಿನ ಟ್ಯಾಂಕು, ಬಲು ದೂರದಲ್ಲಿ ಮಬ್ಬಾಗಿ, ಬೊಟ್ಟಿನಷ್ಟು ಚಿಕ್ಕದಾಗಿ ಗೋಳಗುಮ್ಮಟ. ನಮ್ಮ ಓಣಿಯ ಗುಮ್ಮಟ ಅಲ್ಲಿಗೆ ಕಾಣುವುದಿಲ್ಲ. ಇದ್ದುದರಲ್ಲಿ ಕಾಣುವ ಗುಮ್ಮಟದ ಕಡೆಗೆ ಇಮ್ತಿಯಾಜ್ ಕಿಟಕಿ ಇಡಿಸಿದ್ದಾನೆ. ಗೌಂಡಿ ಬೇರೆ ಗೋಡೆಗೆ ಇಡೋಣ ಅಂದರೆ ಕೇಳಲಿಲ್ಲವಂತೆ. ಇಂಥ ತಮ್ಮನ ಮೇಲೆ ನಾನು ಕೂಗಾಡಿದ್ದು.

"ಮಾರ್ತೀವಾ ನಾವು?" ಅಮ್ಮಿ ದಖನಿಯಲ್ಲಿ ಕೇಳಿದಳು. ಹಳೇ ಮನೆಯ ಬಗ್ಗೆ ಅವಳಿಗೆ ಎಳ್ಳಷ್ಟೂ ದುಃಖವಿಲ್ಲ. "ಅದು ಬೀಳಲಿ ಬಿಡು, ಸೋರಿ ಸೋರಿ ನನ್ನ ಅರ್ಧ ಆಯುಷ್ಯ ತಿಂತು. ಈ ಖೋಲಿ ನೋಡು. ನಿಮ್ಮ ಅಬ್ಬಾ ಯಾರಿಗೆ ಅಂದಿದ್ದರು, ನೆನಪಿದೆಯಾ? ಇಮ್ತಿಯಾಜ್‌ನ ಹುಡುಗರು ಕೇಳಿದರು, ಕೊಡಲಿಲ್ಲ. ಮೇಜೂ ಹಾಕಿಸಿದ್ದೀನಿ."

ಹೌದು, ಮೇಜಿತ್ತು. ಮೇಜಿನ ಮೇಲೆ ಏನೂ ಇರಲಿಲ್ಲ. ನನಗೀಗ ನಲವತ್ತೇಳು. ಓದಲು ಎರಡು ನಂಬರಿನ ಕನ್ನಡಕ. ನನ್ನ ಮನೆಯಲ್ಲಿ ನಾಲ್ಕು ಬೆಡ್‌ರೂಮು, ಒಂದರಲ್ಲಿ ಟ್ರೆಡ್‌ಮಿಲ್ ಮೇಲೆ ಬಟ್ಟೆ ಒಣಗುತ್ತದೆ. ಅಲ್ಲಿ ಕಿಟಕಿ ಮುಂದಿನ ಆ ಖಾಲಿ ಮೇಜಿಗೆ ಕೈ ಊರಿ ಕೂರಬೇಕು ಅಂತ ಜೀವ ಎಳೆಯಿತು.

ಅಮ್ಮಿ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಅಪರೂಪಕ್ಕೆ ಪೂರ್ತಿ ಮುಖ ಕಾಣಿಸಿತು. ಎಪ್ಪತ್ತಾರು ವರ್ಷದ ಮುಖ.

"ಯಾವಾಗ ಬರ್ತೀಯ?"

"ನೋಡ್ತೀನಿ ಅಮ್ಮಿ" ಅಂದೆ. "ಆಫೀಸಲ್ಲಿ ಕೇಳಬೇಕು. ರಜೆ ಅಪ್ಲೈ ಮಾಡಿದೀನಿ ಅಂದುಕೋ."

ಅಮ್ಮಿ ತಲೆಯಾಡಿಸಿ ಕಿಟಕಿಯ ಕದಗಳನ್ನು ಒಂದೊಂದಾಗಿ ಮುಚ್ಚಿದಳು. ಸೊಳ್ಳೆ ಬರುವ ಹೊತ್ತು ಅಂದಳು. ಕಾಲ್ ಕಟ್ಟಾಯಿತು.

ಅಬ್ಬಾನಿಗೆ ವರ್ಷ ವರ್ಷವೂ ಬರುತ್ತಿದ್ದ ಉತ್ತರವನ್ನೇ ನಾನೂ ಅಮ್ಮಿಗೆ ಕೊಟ್ಟೆನಲ್ಲವೇ?