ಗುದ್ದಕ್ಕನ ಎರಡು ಸ್ಪೀಕರುಗಳು

ಅವಳಿಗೆ ಗುದ್ದಕ್ಕ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಬೀದಿಯ ಕೊನೆಯಲ್ಲಿದ್ದ ಆಡಿಯೊ ಅಂಗಡಿ ಅವಳದು. ಹಿಂದಿನ ಕೋಣೆಯಲ್ಲಿ ಹಾಡು ಹಚ್ಚಿ ಕೇಳಿಸುತ್ತಿದ್ದಾಗ ಗಿರಾಕಿಯೊಬ್ಬ ಫೋನಿನಲ್ಲಿ ಹರಟತೊಡಗಿದ. ಅವಳು ಅವನ ಕಾಲರ್ ಹಿಡಿದು ಎಬ್ಬಿಸಿ, ಬೆನ್ನಿಗೊಂದು ಗುದ್ದು ಗುದ್ದಿ ಹೊರಗೆ ದಬ್ಬಿದಳು. ಅವನು ಮೆಟ್ಟಿಲ ಮೇಲೆ ಮುಗ್ಗರಿಸಿ ಮುಂದಿನ ಹಲ್ಲು ಕಳೆದುಕೊಂಡ. ಸ್ವಲ್ಪ ದಿನ ಬಿಟ್ಟು ಅವನೇ ಬಂದು ಅಂಥದೇ ಒಂದು ಜೋಡಿ ಸ್ಪೀಕರು ಕೊಂಡುಹೋದ. "ಹಲ್ಲು ಹೋದರೆ ಹೋಗಲಿ, ಆ ಹಾಡು ಮಾತ್ರ ತಲೆಯಿಂದ ಹೋಗ್ತಾ ಇಲ್ಲ" ಅಂದನಂತೆ.

ಕೈ ಮಾಡುವ ಚಾಳಿ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ರೇಡಿಯೊ ರಿಪೇರಿಯವನು. ಬೆಸುಗೆ ಸರಿಯಾಗಿ ಕೂರದಿದ್ದರೆ ಮಗಳ ಕೆನ್ನೆಗೆ ಏಟು, ತಂತಿ ಅದಲುಬದಲಾದರೆ ಬೆನ್ನಿಗೆ. ಒಮ್ಮೆಯಂತೂ ಕಾದ ಬೆಸುಗೆ ಕಡ್ಡಿಯನ್ನೇ ಅವಳ ಮುಂಗೈಗೆ ಒತ್ತಿಬಿಟ್ಟಿದ್ದ. ಅದೇ ಮನುಷ್ಯ ಕೆಲಸ ಮುಗಿದ ಮೇಲೆ, ತಾನೇ ಜೋಡಿಸಿದ ಆಂಪ್ಲಿಫೈಯರ್ ಹಚ್ಚಿ, ಎರಡು ಸ್ಪೀಕರುಗಳ ಎದುರು ಅವಳನ್ನು ಕುರ್ಚಿಯಲ್ಲಿ ಕೂರಿಸುತ್ತಿದ್ದ.

"ಕಣ್ಣು ಮುಚ್ಚು. ಹಾಡೋಳು ಎಲ್ಲಿ ನಿಂತಿದ್ದಾಳೆ, ತೋರಿಸು."

ಅವಳು ಬರಿ ಗೋಡೆಯ ನಟ್ಟನಡುವೆ ಬೆರಳು ತೋರಿಸುತ್ತಿದ್ದಳು. ಎಡಕ್ಕೆ ಪಿಟೀಲು, ಬಲಕ್ಕೆ ಕೊಳಲು, ನಡುವೆ, ಸ್ಪೀಕರೇ ಇಲ್ಲದ ಕಡೆ, ಆ ಹೆಂಗಸು ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅಪ್ಪನ ಕೈ ಮಗಳ ತಲೆಯ ಮೇಲೆ ಮೆತ್ತಗೆ ಇರುತ್ತಿತ್ತು. ಚಿಕ್ಕ ಮಗಳು, ಗುದ್ದಕ್ಕನ ತಂಗಿ, ಆಗಲೂ ಮೇಜಿನಡಿಯಿಂದ ಹೊರಗೆ ಬರುತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅಂಗಡಿ ಗುದ್ದಕ್ಕನ ಕೈಗೆ ಬಂತು. ಆ ಕುರ್ಚಿ, ಆ ಸ್ಪೀಕರುಗಳು, ಆ ಆಂಪ್ಲಿಫೈಯರ್ ಹಿಂದಿನ ಕೋಣೆಯಲ್ಲಿ ಇದ್ದಲ್ಲೇ ಇದ್ದವು. ಹೋಂ ಥಿಯೇಟರ್ ರಿಸೀವರ್ ಇದೆಯಾ ಎಂದು ಯಾರಾದರೂ ಕೇಳಿದರೆ ಅವಳ ಮೂಗು ಕೆಂಪಾಗುತ್ತಿತ್ತು. "ಸಿನಿಮಾ, ಟೀವಿ, ರೇಡಿಯೊ, ಏಳು ಸ್ಪೀಕರಿಗೆ ಬೇಕಾದ ಕರೆಂಟು, ಎಲ್ಲಾನೂ ಒಂದೇ ಡಬ್ಬಿಗೆ ತುರುಕ್ತಾರೆ. ಹಾಡಿನ ಪಾಲಿಗೆ ಉಳಿಯೋದೇನು, ತಳ ಹತ್ತಿದ ಸೀಕು. ನಿಮಗೆ ಕಿವಿ ಇರೋದು ಎರಡು ತಾನೆ?" ಅನ್ನುತ್ತಿದ್ದಳು. ಗಿರಾಕಿ ಕಿವಿ ಮುಟ್ಟಿ ನೋಡಿಕೊಂಡು ಜಾಗ ಖಾಲಿ ಮಾಡುತ್ತಿದ್ದ.

ಹೀಗಿರುವಾಗ ತಂಗಿ ಗಂಡನ ಮನೆ ಬಿಟ್ಟು ಬಂದಳು. ಗಂಡ ಹಿಂದಿನಿಂದ ಬಂದು ಒದ್ದದ್ದಕ್ಕೆ ಅವಳ ಕೊರಳ ಹತ್ತಿರದ ಮೂಳೆ ಮುರಿದಿತ್ತು. ಗುದ್ದಕ್ಕ ಚಪ್ಪಲಿ ಮೆಟ್ಟಿಕೊಂಡು ಹೋಗಿ, ತಂಗಿಯ ಗಂಡನನ್ನು ಅವನ ಮನೆಯ ಬಾಗಿಲ ಚೌಕಟ್ಟಿಗೇ ಹಣೆ ಒಡೆಯುವ ಹಾಗೆ ಚಚ್ಚಿದಳು. ವಾಪಸು ಬರುವಾಗ ಒಂದು ಕೈಯಲ್ಲಿ ತಂಗಿಯ ಬಟ್ಟೆಯ ಪೆಟ್ಟಿಗೆ, ಇನ್ನೊಂದರಲ್ಲಿ ಅವನ ಕೂದಲು ಒಂದು ಹಿಡಿ ಇತ್ತು.

ಮೂಳೆ ಕೂಡಿದ ಮೇಲೆ ತಂಗಿ ಅಂಗಡಿಯಲ್ಲಿ ನಿಂತಳು. ಮಾತು ಬಲ್ಲವಳು. ಬಂದವರು ಏನು ಕೇಳಿ ಬರಿಗೈಲಿ ಹೋಗುತ್ತಿದ್ದಾರೆ ಎಂಬುದು ಅವಳಿಗೆ ಬೇಗ ತಿಳಿಯಿತು. ಅಕ್ಕನ ಎದುರು ಬಾಯಿಬಿಟ್ಟಳು.

"ಅಕ್ಕಾ, ಒಂದೇ ಒಂದು ರಿಸೀವರ್ ತರಿಸೋಣ. ಜನ ಮನೇಲಿ ಸಿನಿಮಾನೂ ನೋಡ್ತಾರೆ."

"ನೋಡ್ಲಿ. ನನ್ನ ಅಂಗಡೀಲಿ ಬೇಡ."

"ನಂಗೂ ಆ ಡಬ್ಬೀನೇ ಇಷ್ಟ ಕಣೆ. ಗಂಡನ ಮನೇಲಿ ಹಿಂದಿನಿಂದ ಏನು ಬಂದರೂ ಏಟೇ ಬರ್ತಿತ್ತು. ಈಗಲೂ ಹಿಂದೆ ಗೋಡೆ ಇಲ್ಲದೆ ಕೂರೋಕಾಗಲ್ಲ. ಇದರಲ್ಲಿ ಹಿಂದಿನಿಂದ ಮಳೆ ಸದ್ದು ಬರುತ್ತೆ, ಚಪ್ಪಾಳೆ ಬರುತ್ತೆ. ಬೇರೆ ಅಂಗಡೀಲಿ ಮೊದಲ ಸಲ ಕೇಳಿದಾಗ ಅತ್ತುಬಿಟ್ಟೆ."

ಗುದ್ದಕ್ಕ, "ಅಳೋಕೆ ಏಳು ಸ್ಪೀಕರ್ ಬೇಕಾ?" ಎಂದು ಎದ್ದುಹೋದಳು. ತಂಗಿಗೆ ಆ ಮಾತು ಎದೆಗೆ ನಾಟಿತು.

ಅಕ್ಕ ಯಾರದೋ ಮನೆಗೆ ಸ್ಪೀಕರ್ ಕೂರಿಸಲು ಹೋದ ದಿನ ತಂಗಿ ಹಟಕ್ಕೆ ಬಿದ್ದು ರಿಸೀವರ್ ತರಿಸಿದಳು. ಹಿಂದಿನ ಕೋಣೆಯ ಗೋಡೆಗೆ ಡ್ರಿಲ್ ಹಾಕಿದಳು. ಅಪ್ಪನ ಆಂಪ್ಲಿಫೈಯರನ್ನು ನೆಲಕ್ಕಿಳಿಸಿ, ಅವನ ಸ್ಪೀಕರುಗಳನ್ನು ಹೊಸ ಡಬ್ಬಿಗೆ ಸಿಕ್ಕಿಸಿ, ಸುತ್ತಲೂ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಚಿಕ್ಕ ಸ್ಪೀಕರುಗಳನ್ನು ನಿಲ್ಲಿಸಿದಳು. ಅಕ್ಕ ಒಮ್ಮೆ ಕೇಳಿದರೆ ಸಾಕು, ಒಪ್ಪುತ್ತಾಳೆ ಎಂದು ಅವಳು ನಿಜವಾಗಿ ನಂಬಿದ್ದಳು.

ಅಕ್ಕ ಬಂದು ಕುರ್ಚಿಯಲ್ಲಿ ಕೂತಳು. ತಂಗಿ ಅಪ್ಪ ಹಚ್ಚುತ್ತಿದ್ದ ಅದೇ ಹಾಡು ಹಚ್ಚಿದಳು. ಹಾಡುವವಳು ಗೋಡೆಯ ನಡುವೆ ಇರಲಿಲ್ಲ. ಡಬ್ಬಿಯ ಕಿತಾಪತಿಯಿಂದ ದೊಡ್ಡ ಸಭಾಂಗಣದ ಸದ್ದು ಹುಟ್ಟಿ, ದನಿ ಬೆನ್ನ ಹಿಂದೆ, ಮಗ್ಗುಲಲ್ಲಿ, ಎಲ್ಲೆಲ್ಲೂ ಹರಡಿತ್ತು. ಪಿಟೀಲು ಯಾವುದೋ ಬಾವಿಯೊಳಗಿಂದ ಕೇಳಿಸುತ್ತಿತ್ತು.

ಗುದ್ದಕ್ಕ ಎದ್ದು ತಂತಿಗಳನ್ನು ಒಟ್ಟಿಗೇ ಹಿಡಿದು ಕಿತ್ತಳು. ರಿಸೀವರ್ ಮೇಜಿನಿಂದ ಜಾರಿ ಅಪ್ಪನ ಆಂಪ್ಲಿಫೈಯರಿನ ಮೇಲೇ ಬಿತ್ತು. ತಂಗಿ, "ಮುಟ್ಟಬೇಡ" ಎಂದು ಅವಳನ್ನು ದಬ್ಬಿದಳು. ಅಕ್ಕ ಅವಳ ಕೆನ್ನೆಗೆ ಬಾರಿಸಿದಳು. ಒಂದಲ್ಲ, ತುಟಿ ಒಡೆಯುವವರೆಗೆ. ಜುಟ್ಟು ಹಿಡಿದು ಗೋಡೆಗೆ ಒತ್ತಿ, ಇನ್ನೊಂದು ಕೈಯನ್ನು ಅವಳ ಕೊರಳ ಬುಡಕ್ಕೆ, ಕೂಡಿದ ಮೂಳೆಯ ಮೇಲೆಯೇ ಊರಿದಳು. ತಂಗಿಗೆ ಆ ಕ್ಷಣ ಎದುರಿಗಿದ್ದದ್ದು ಅಕ್ಕನಾಗಿ ಕಾಣಲಿಲ್ಲ. ಕೈಗೆ ಸಿಕ್ಕ ಸ್ಟ್ಯಾಂಡನ್ನು ಸ್ಪೀಕರಿನ ಸಮೇತ ಎತ್ತಿ ಬೀಸಿದಳು. ಅದು ಗುದ್ದಕ್ಕನ ಬಲಗಿವಿಗೆ ಬಡಿಯಿತು.

ಗುದ್ದಕ್ಕ ಬೀಳಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು. ಕಿವಿಯಿಂದ ರಕ್ತ ಇಳಿದು ಕುತ್ತಿಗೆಯಲ್ಲಿ ಹರಿಯುತ್ತಿತ್ತು. "ಹಾಡು ಯಾಕೆ ನಿಲ್ಲಿಸಿದೆ?" ಎಂದು ಕೇಳಿದಳು. ತಾನೇ ತಂತಿ ಕಿತ್ತದ್ದು ಅವಳಿಗೆ ನೆನಪಿರಲಿಲ್ಲ.

ಆಸ್ಪತ್ರೆಗೆ ಪೊಲೀಸಿನವನು ಬಂದು ಕೇಳಿದಾಗ, "ಏಣಿಯಿಂದ ಬಿದ್ದೆ" ಅಂದಳು. ಅವನು ತಂಗಿಯ ಊದಿದ ತುಟಿಯನ್ನೂ ನೋಡಿದ. "ಇವರೂ ಅದೇ ಏಣೀನಾ?" ಅಂದ. "ಏಣಿ ಹಿಡಕೊಂಡಿದ್ದಳು" ಅಂದಳು ಗುದ್ದಕ್ಕ. ಡಾಕ್ಟರು ಮಾತ್ರ ಮುಚ್ಚಿಡಲಿಲ್ಲ. ತಲೆಯ ಮೂಳೆ ಒಳಗೆ ಬಿರಿದಿದೆ, ಬಲಗಿವಿ ಇನ್ನು ಕೇಳುವುದಿಲ್ಲ ಎಂದರು.

ಮನೆಗೆ ಬಂದ ಮೇಲೆ ಗುದ್ದಕ್ಕ ನಗ್ಗಿಹೋಗಿದ್ದ ಆಂಪ್ಲಿಫೈಯರನ್ನು ಬಿಚ್ಚಿ ರಿಪೇರಿ ಮಾಡಿದಳು. ಸ್ಪೀಕರುಗಳನ್ನು ಹಳೆಯ ಜಾಗಕ್ಕೇ ತಂದಳು, ಕುರ್ಚಿ ಸರಿ ಮಾಡಿಕೊಂಡು ಕೂತು ಹಾಡು ಹಚ್ಚಿದಳು. ಎಲ್ಲವೂ ಎಡಕ್ಕೆ ಸರಿದು ಒಂದರ ಮೇಲೊಂದು ಬಿದ್ದಿತ್ತು. ಕೊಳಲು ಎಲ್ಲೋ ದೂರದ ಮನೆಯದೆಂಬಂತೆ ಸಣ್ಣಗಿತ್ತು. ಅವಳು ಬೆರಳೆತ್ತಿದಳು, ಎಲ್ಲಿಗೆ ತೋರಿಸುವುದೆಂದು ಗೊತ್ತಾಗದೆ ಇಳಿಸಿದಳು. ಆಮೇಲೆ ಸುತ್ತಿಗೆ ತಂದು ಬಲಗಡೆಯ ಸ್ಪೀಕರನ್ನು ಒಡೆಯತೊಡಗಿದಳು. ಮರ ಸೀಳಿತು, ಕಾಗದದ ಕೋನ್ ಹರಿದು ಜೋತಾಡಿತು. ಹಾಡು ಎಡಗಡೆಯಿಂದ ಬರುತ್ತಲೇ ಇತ್ತು.

ತಂಗಿ ಓಡಿಬಂದು ಅಡ್ಡ ನಿಂತಳು.

"ನಂಗೆ ಹೊಡಿ. ಅದಕ್ಕೆ ಯಾಕೆ ಹೊಡೀತೀಯ?"

ಗುದ್ದಕ್ಕ ಸುತ್ತಿಗೆ ಎತ್ತಿದಳು. ತಂಗಿ ಕಣ್ಣು ಮುಚ್ಚಲಿಲ್ಲ. ಸುತ್ತಿಗೆ ಅವಳ ಪಕ್ಕದ ಗೋಡೆಗೆ ಹೋಗಿ ಬಡಿದು, ಗಾರೆಯ ಚಕ್ಕೆ ಇಬ್ಬರ ಮೇಲೂ ಬಿತ್ತು. ಗುದ್ದಕ್ಕ ಕೆಳಗೆ ಕೂತುಬಿಟ್ಟಳು.

"ಕೊಳಲು ಬರ್ತಾ ಇಲ್ಲ ಕಣೆ" ಅಂದಳು.

ತಂಗಿ ಹೋಗಿ ಆಂಪ್ಲಿಫೈಯರಿನ ಮೂಲೆಯಲ್ಲಿದ್ದ ಸಣ್ಣ ಗುಂಡಿ ಒತ್ತಿದಳು. ಎರಡೂ ಕಡೆಯ ಹಾಡನ್ನು ಒಂದು ಮಾಡುವ ಗುಂಡಿ ಅದು. ಗುದ್ದಕ್ಕ ಅದನ್ನು ಒತ್ತಿದವಳೇ ಅಲ್ಲ, ಒತ್ತಿದ ಗಿರಾಕಿಯ ಬೆರಳು ತಿರುಚಿದ್ದಳು. ಉಳಿದ ಒಂದು ಸ್ಪೀಕರಿನಿಂದಲೇ ಕೊಳಲು ಬಂತು. ಅದಕ್ಕೆ ಎಡ ಬಲ ಎಂಬ ಜಾಗವಿರಲಿಲ್ಲ, ಆದರೆ ಕೊಳಲಂತೂ ಹೌದು. ಗುದ್ದಕ್ಕ ಹಾಡು ಮುಗಿಯುವವರೆಗೆ ನೆಲದ ಮೇಲೇ ಕೂತಿದ್ದಳು.

ಕ್ಷಮಿಸು ಎಂದು ಇಬ್ಬರೂ ಅನ್ನಲಿಲ್ಲ. ಮುಂದಿನ ಕೋಣೆ ರಿಸೀವರುಗಳದ್ದಾಯಿತು, ಹಿಂದಿನದು ಹೊಸ ಜೋಡಿ ಸ್ಪೀಕರಿನದು. ಗಿರಾಕಿಗೆ ತೋರಿಸಲು ಆ ಜೋಡಿಯನ್ನು ಹೊಂದಿಸುವಾಗ ಗುದ್ದಕ್ಕ ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, "ಎಲ್ಲಿ ನಿಂತಿದ್ದಾಳೆ?" ಎಂದು ಕೇಳುತ್ತಾಳೆ. ತಂಗಿ ಹಿಂದೆ ಗೋಡೆ ಇಲ್ಲದ ಆ ಕುರ್ಚಿಯಲ್ಲಿ ಮೈ ಬಿಗಿಹಿಡಿದು ಕೂತು, ಬೆರಳು ತೋರಿಸುತ್ತಾಳೆ. ತಪ್ಪು ತೋರಿಸಿದಳೆಂದು ಅನುಮಾನ ಬಂದರೆ ತಲೆಗೊಂದು ಮೊಟಕು ಬೀಳುತ್ತದೆ. ತಂಗಿಯೂ ಸುಮ್ಮನಿರುವುದಿಲ್ಲ, ಕಾಲಿಗೆ ಒದೆಯುತ್ತಾಳೆ.

ಸಂಜೆ ಅಂಗಡಿ ಮುಚ್ಚಿ ನಡೆದುಹೋಗುವಾಗ ತಂಗಿ ಯಾವಾಗಲೂ ಅಕ್ಕನ ಬಲಕ್ಕೆ ಇರುತ್ತಾಳೆ. ಆ ಕಡೆಯಿಂದ ಬರುವ ಗಾಡಿ ಅಕ್ಕನಿಗೆ ಕೇಳುವುದಿಲ್ಲ. ಮೊನ್ನೆ ಒಂದು ಲಾರಿ ತೀರ ಹತ್ತಿರ ಬಂದಾಗ ಅವಳು ಅಕ್ಕನ ರಟ್ಟೆ ಹಿಡಿದು ಜೋರಾಗಿ ಎಳೆದಳು.

"ನಿಧಾನ ಕಣೆ, ತೋಳು ಕಿತ್ತು ಕೈಗೆ ಬರುತ್ತೆ" ಅಂದಳು ಗುದ್ದಕ್ಕ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ.