ತಕ್ಕಡಿಯಣ್ಣನ ಎಲುಬುಗಳು

ಸಮಾಧಿ ಕಾಯುವವನ ಮನೆಗೆ ಅತಿಥಿಗಳು ಬರುವುದು ಕಡಿಮೆ, ಬಂದವರು ವಾಪಸ್ಸು ಹೋಗುವುದು ಇನ್ನೂ ಕಡಿಮೆ ಎಂದು ಗುದ್ದಲಿಯಣ್ಣ ತಮಾಷೆ ಮಾಡುತ್ತಿದ್ದ. ಚರ್ಚಿನ ಹಿಂದಿನ ಸಮಾಧಿ ಭೂಮಿಯಲ್ಲಿ ಗುಂಡಿ ತೋಡುವುದು ಅವನ ಅಪ್ಪನ ಕೆಲಸವಾಗಿತ್ತು, ಅಪ್ಪನನ್ನು ಅಲ್ಲೇ ಮಲಗಿಸಿದ ಮೇಲೆ ಅವನದಾಯಿತು. ಊರು ಅವನ ಹೆಸರನ್ನು ಯಾವತ್ತೋ ಮರೆತು, ಕೈಯಲ್ಲಿದ್ದದ್ದನ್ನೇ ಹೆಸರು ಮಾಡಿ ಕರೆಯುತ್ತಿತ್ತು. ಈಗ ತಲೆ ಪೂರ್ತಿ ಬೆಳ್ಳಗಾಗಿದೆ, ಮಂಡಿ ಮಾತು ಕೇಳುವುದಿಲ್ಲ, ಆದರೂ ಗುಂಡಿಯ ನಾಲ್ಕು ಮೂಲೆ ನೇರವಾಗಿಲ್ಲದಿದ್ದರೆ ಅವನಿಗೆ ಊಟ ಸೇರುವುದಿಲ್ಲ.

ಆ ದಿನ ಬಂದ ಅತಿಥಿ ಬಿಷಪ್ಪರ ಮನೆಯಿಂದ ಬಂದ ಎಳೆ ವಯಸ್ಸಿನ ಪಾದ್ರಿ. ಹೊಳೆಯುವ ಬೂಟಿಗೆ ಮಣ್ಣು ಹತ್ತದಂತೆ ಸಮಾಧಿಗಳ ನಡುವೆ ಕಾಲು ಎತ್ತಿ ಎತ್ತಿ ಇಡುತ್ತಾ ಬಂದರು. ಅರ್ಧ ತೋಡಿದ ಗುಂಡಿಯೊಳಗೆ ನಿಂತಿದ್ದ ಗುದ್ದಲಿಯಣ್ಣನನ್ನು ಬಗ್ಗಿ ನೋಡಿ ಕೇಳಿದರು.

"ತಕ್ಕಡಿ ರಿಪೇರಿ ಮಾಡ್ತಿದ್ರಲ್ಲ, ಯುದ್ಧಕ್ಕೆ ಬರಲ್ಲ ಅಂದಿದ್ದಕ್ಕೆ ಗುಂಡಿಟ್ಟು ಕೊಂದ್ರಲ್ಲ, ಅವರನ್ನ ಇಲ್ಲೇ ಹೂತಿದ್ದು ಅಲ್ವಾ?"

"ಹೌದು ಫಾದರ್."

"ಅವರಿಗೆ ಸಂತ ಪದವಿ ಕೊಡಿಸೋ ಕೆಲಸ ಶುರುವಾಗಿದೆ. ಆತ್ಮಸಾಕ್ಷಿಗೋಸ್ಕರ ಪ್ರಾಣ ಕೊಟ್ಟವರು. ಅವರನ್ನ ಹತ್ತಿರದಿಂದ ಕಂಡವರಲ್ಲಿ ಈಗ ಉಳಿದಿರೋದು ನೀವೊಬ್ರೇ ಅಂತ ಕೇಳಿದೆ."

ಗುದ್ದಲಿಯಣ್ಣನಿಗೆ ಮೊದಲು ನಗು ಬಂತು. ತಕ್ಕಡಿಯಣ್ಣ ಸಂತನೆ! ಚರ್ಚಿನಲ್ಲಿ ಪಾದ್ರಿಯ ಪ್ರಸಂಗದ ಮಧ್ಯೆ ಗೊರಕೆ ಹೊಡೆಯುತ್ತಿದ್ದವನು, ಸಿಟ್ಟು ಬಂದರೆ ಸಂತೆಯೆಲ್ಲ ಕೇಳುವ ಹಾಗೆ ಬೈಯುತ್ತಿದ್ದವನು, ಅರ್ಧ ಸವೆದ ಕಲ್ಲಿನಿಂದ ತೂಗುವ ವ್ಯಾಪಾರಿಯ ತಕ್ಕಡಿಯನ್ನು ರಿಪೇರಿ ಮಾಡದೆ ಅವನ ಅಂಗಡಿಯ ಮುಂದೆಯೇ ಎಸೆದು ಬಂದಿದ್ದವನು! ಆದರೆ ಪಾದ್ರಿಯ ಮುಂದಿನ ಮಾತಿಗೆ ನಗು ಅಲ್ಲಿಗೇ ನಿಂತಿತು.

"ಸಮಾಧಿ ತೆಗೆದು ಎಲುಬುಗಳನ್ನ ಪೆಟ್ಟಿಗೆಗೆ ಹಾಕಿ ಚರ್ಚಿನೊಳಗೆ ಇಡಬೇಕು. ಡಾಕ್ಟರು ಬಂದು ನೋಡ್ತಾರೆ. ಅದಕ್ಕೆ ಮೊದಲು, ಇದೇ ಜಾಗ ಅಂತ ನೀವು ಬೈಬಲ್ ಮುಟ್ಟಿ ಪ್ರಮಾಣ ಮಾಡಬೇಕು. ಎಲ್ಲಿದೆ, ತೋರಿಸ್ತೀರಾ?"

ಗುದ್ದಲಿಯಣ್ಣ ಗುಂಡಿಯೊಳಗಿಂದಲೇ ಕೈ ಎತ್ತಿ ಹಿಂದಿನ ಗೋಡೆಯ ಬದಿ ತೋರಿಸಿದ. ಶಿಲುಬೆ ಇಲ್ಲದ, ಹುಲ್ಲು ಬೆಳೆದ ಒಂದು ತುಂಡು ನೆಲ. ಪಾದ್ರಿ ಅಲ್ಲಿ ಹೋಗಿ ಮಂಡಿಯೂರಿದರು. ಪ್ಯಾಂಟಿಗೆ ಮಣ್ಣು ಹತ್ತಿದ್ದನ್ನೂ ನೋಡಲಿಲ್ಲ. ಅವರ ಬಗ್ಗಿದ ಬೆನ್ನನ್ನೇ ನೋಡುತ್ತಾ ಗುದ್ದಲಿಯಣ್ಣ ಗುಂಡಿಯೊಳಗೇ ನಿಂತ. ಆ ನೆಲದ ಕೆಳಗೆ ಯಾರೂ ಇರಲಿಲ್ಲ.

ತಕ್ಕಡಿಯಣ್ಣನೂ ಅವನೂ ಒಂದೇ ಬೆಂಚಿನಲ್ಲಿ ಕೂತು ಧರ್ಮೋಪದೇಶ ಕಲಿತವರು. ಗಡಿಯಲ್ಲಿ ಯುದ್ಧ ಶುರುವಾಗಿ, ಊರಿನ ಗಂಡು ಹುಡುಗರೆಲ್ಲ ಸೈನ್ಯಕ್ಕೆ ಬರಬೇಕೆಂದು ಡಂಗುರ ಹೊಡೆದಾಗ ಇಬ್ಬರಿಗೂ ಮೀಸೆ ಗಟ್ಟಿಯಾಗುವ ವಯಸ್ಸು. ದೇಶದ ಕರೆಯೇ ದೇವರ ಕರೆ ಎಂದು ಆಗಿನ ಪಾದ್ರಿ ಭಾನುವಾರದ ಪ್ರಸಂಗದಲ್ಲಿ ಹೇಳಿದರು. ಅಂದು ಗೊರಕೆ ಹೊಡೆಯದೆ ಕೇಳಿಸಿಕೊಂಡ ತಕ್ಕಡಿಯಣ್ಣ, ಪೂಜೆ ಮುಗಿದ ಮೇಲೆ ಅವರ ದಾರಿಗೆ ಅಡ್ಡ ನಿಂತ.

"ಫಾದರ್, ಹತ್ತು ಆಜ್ಞೆ ಬಾಯಿಪಾಠ ಮಾಡಿಸಿದ್ದು ನೀವೇ. ಕೊಲ್ಲಬೇಡ ಅಂತಷ್ಟೇ ಇತ್ತು. ಸರ್ಕಾರ ಹೇಳಿದ್ರೆ ಕೊಲ್ಲು ಅಂತ ಆಮೇಲೆ ಯಾರು ಸೇರಿಸಿದ್ದು?"

"ಅಧಿಕಪ್ರಸಂಗ ಬೇಡ. ನಿನ್ನ ತಾಯಿ ಮುಖ ನೋಡು."

"ನೋಡಿದೆ ಫಾದರ್. ಆ ಕಡೆಯವನಿಗೂ ಒಬ್ಬ ತಾಯಿ ಇರ್ತಾಳಲ್ಲ, ಅವಳ ಮುಖ ಯಾರು ನೋಡ್ತಾರೆ?"

ಆ ಸಂಜೆ ಸಮಾಧಿ ಭೂಮಿಯ ಗೋಡೆಯ ಮೇಲೆ ಕೂತು ಗೆಳೆಯರಿಬ್ಬರೂ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟುಕೊಂಡರು. ಇಬ್ಬರೂ ಹೋಗುವುದಿಲ್ಲ, ಕೇಳಿದರೆ ಇಬ್ಬರೂ ಒಟ್ಟಿಗೇ ನಿಂತು ಹೇಳುವುದು. ಗುದ್ದಲಿಯಣ್ಣ ಆ ಮಾತನ್ನು ಮನಸ್ಸಿಟ್ಟೇ ಕೊಟ್ಟಿದ್ದ. ಆದರೆ ಕರೆದ ದಿನ ಅವನ ಅಪ್ಪ ಅಧಿಕಾರಿಯ ಮುಂದೆ ಕೈಕಟ್ಟಿ, "ಸ್ವಾಮಿ, ಸತ್ತವರನ್ನ ಹೂಳೋಕೂ ಊರಲ್ಲಿ ಜನ ಬೇಕಲ್ಲ" ಅಂದ. ಅಧಿಕಾರಿ ನಕ್ಕು ಬಿಟ್ಟುಬಿಟ್ಟ. ಸಾಲಿನಿಂದ ಪಕ್ಕಕ್ಕೆ ಸರಿ ಎಂದಾಗ ಗುದ್ದಲಿಯಣ್ಣ ಸರಿದ. ತಕ್ಕಡಿಯಣ್ಣ ಬೈದಿದ್ದರೆ ಸಹಿಸಬಹುದಿತ್ತು. ಅವನು ಬೈಯಲಿಲ್ಲ. "ಹೋಗ್ಲಿ ಬಿಡೋ, ನಿನಗೊಂದು ದಾರಿ ಸಿಕ್ತಲ್ಲ" ಎಂದು ನಿಜಕ್ಕೂ ಖುಷಿಯಿಂದಲೇ ಹೇಳಿ, ಒಬ್ಬನೇ ಮುಂದೆ ಹೋಗಿ, ಬಂದೂಕು ಮುಟ್ಟುವುದಿಲ್ಲ ಎಂದ.

ಜೈಲಿನಿಂದ ಹೆಣ ಬಂದಾಗ ಗುಂಡಿ ತೋಡಿದವನೂ ಗುದ್ದಲಿಯಣ್ಣನೇ. ಶಿಲುಬೆ ಬೇಡ, ಪ್ರಾರ್ಥನೆ ಬೇಡ, ಗೋಡೆ ಬದಿಗೆ ಹಾಕಿ ಮುಚ್ಚು ಎಂದು ಅಪ್ಪಣೆ. ಪಾದ್ರಿಯ ಮನೆಯ ಕಿಟಕಿ ಮುಚ್ಚಿತ್ತು. ಸೈನಿಕನೊಬ್ಬ ಬೀಡಿ ಸೇದುತ್ತಾ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣೆದುರು ಹಣೆಗೆ ಕೈ ಎತ್ತಿ ಒಂದು ಶಿಲುಬೆ ಗುರುತು ಹಾಕಿಕೊಳ್ಳಲೂ ಗುದ್ದಲಿಯಣ್ಣನಿಗೆ ಧೈರ್ಯ ಬರಲಿಲ್ಲ. ಮಣ್ಣು ಎಳೆದ, ತಟ್ಟಿದ, ಮನೆಗೆ ಹೋಗಿ ಉಂಡ. ಉಂಡದ್ದು ಇವತ್ತಿಗೂ ನೆನಪಿದೆ ಅವನಿಗೆ.

ಯುದ್ಧಗಳಿಗೇನು ಬರವೆ? ಒಂದು ಮುಗಿದು ಕೆಲವು ವರ್ಷಕ್ಕೆ ಅದೇ ಗಡಿಯಲ್ಲಿ ಇನ್ನೊಂದು ಬಂತು. ಈ ಸಲ ಟೈಲರಕ್ಕನ ಒಬ್ಬನೇ ಮಗ ಹೋದ. ಅವಳು ಗಂಡ ಸತ್ತ ಮೇಲೆ ಶಾಲೆ ಮಕ್ಕಳ ಅಂಗಿ ಹೊಲಿದು ಅವನನ್ನು ಸಾಕಿದವಳು. ಹುಡುಗ ಹಿಗ್ಗಿನಿಂದಲೇ ಹೋದ. ಹೋಗುವ ಮೊದಲು ಗೋಡೆಯ ಬದಿಗೆ ಬಂದು, "ನಾನು ಇವನ ಥರ ಹೇಡಿ ಅಲ್ಲ" ಎಂದು ಉಗಿದು ಹೋಗಿದ್ದ. ಮಳೆಗಾಲ ಮುಗಿಯುವುದರೊಳಗೆ ಅವನದೂ ಪೆಟ್ಟಿಗೆ ಬಂತು. ಸುತ್ತ ಮೊಳೆ ಹೊಡೆದಿತ್ತು, ತೆರೆಯಕೂಡದು ಎಂದು ಆಜ್ಞೆ.

ಹಗ್ಗ ಬಿಟ್ಟು ಇಳಿಸುವಾಗ ಪೆಟ್ಟಿಗೆ ಸ್ವಲ್ಪ ವಾಲಿತು. ಒಳಗೆ ಏನೋ ಸರಸರ ಸರಿಯಿತು. ಹೆಣ ಹಾಗೆ ಸರಿಯುವುದಿಲ್ಲ. ಮರಳು ಎಂದು ಗುದ್ದಲಿಯಣ್ಣನ ಕೈಗೆ ಗೊತ್ತಾಯಿತು; ಹೆಣ ಸಿಗದೆ ತೂಕಕ್ಕೆ ಅದನ್ನೇ ತುಂಬಿ ಕಳಿಸಿದ್ದರು. ಆಗಲೇ ಟೈಲರಕ್ಕ ಅವನ ತೋಳು ಹಿಡಿದಳು.

"ತಮ್ಮಾ, ನೀನು ಎಷ್ಟೋ ಹೆಣ ಇಳಿಸಿದೋನು. ನನ್ನ ಮಗ ಇದರಲ್ಲಿ ಇದ್ದಾನೆ ತಾನೆ?"

"ಇದ್ದಾನಕ್ಕ."

ಹೆತ್ತ ಕರುಳಿಗೆ ಇನ್ನೇನು ಹೇಳಲಾಗುತ್ತಿತ್ತು? ಆದರೆ ಆ ಮಾತು ಬಾಯಲ್ಲಿ ಬಿಸಿ ತುಪ್ಪದ ಹಾಗೆ ಉಳಿಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಆ ವಾರವೇ ಗೋಡೆ ಬದಿಯ ಸರದಿ ಬಂದಿತ್ತು. ಅಲ್ಲಿ ಜಾಗ ಕೊಂಡುಕೊಳ್ಳದವರನ್ನು ಶಾಶ್ವತವಾಗಿ ಮಲಗಲು ಬಿಡುವುದಿಲ್ಲ. ಕೆಲವು ವರ್ಷ ಕಳೆದ ಮೇಲೆ ಎಲುಬು ತೆಗೆದು, ತೊಳೆದು, ಮೂಲೆಯಲ್ಲಿರುವ ಬತ್ತಿದ ಬಾವಿಗೆ ಹಾಕಿ ಚಪ್ಪಡಿ ಮುಚ್ಚುತ್ತಾರೆ. ಕೂಲಿಯವನೂ ಭಿಕ್ಷುಕನೂ ಅಲ್ಲಿ ಒಂದೇ ರಾಶಿ. ಗುದ್ದಲಿಯಣ್ಣ ಗೆಳೆಯನ ಎಲುಬು ತೊಳೆದ. ಎದೆಗೂಡಿನಲ್ಲಿ ಗುಂಡು ಹೊಕ್ಕ ಗುರುತಿತ್ತು. ಇವನನ್ನು ಬಾವಿಗೆ ಎಸೆಯಲು ಕೈ ಬರಲಿಲ್ಲ. ಆ ಕಡೆ ಒಂದು ಪೆಟ್ಟಿಗೆಯಲ್ಲಿ ಬರೀ ಮರಳು, ಈ ಕಡೆ ಯಾರಿಗೂ ಬೇಡವಾದ ಒಬ್ಬ ಮನುಷ್ಯ. ಹುಡುಗನ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ಅದನ್ನು ತೆಗೆದು, ಮೊಳೆ ಕಿತ್ತು, ಮರಳಿನ ಮೇಲೆ ತಕ್ಕಡಿಯಣ್ಣನನ್ನು ಮಲಗಿಸಿ ಮುಚ್ಚಿದ. ಗೋಡೆ ಬದಿಯ ಖಾಲಿ ಗುಂಡಿಯನ್ನೂ ಮೊದಲಿನಂತೆ ಮುಚ್ಚಿ, ಅಲ್ಲಿ ಬೇರೆ ಯಾರನ್ನೂ ಹೂಳಲಿಲ್ಲ; ಅವನ ಎಲುಬು ತೆಗೆದದ್ದು ಊರಿಗೆ ತಿಳಿಯಲಿಲ್ಲ. ಅಕ್ಕನಿಗೆ ಹೇಳಿದ ಸುಳ್ಳು ಅರ್ಧ ನಿಜವಾಯಿತು, ಗೆಳೆಯನ ತಲೆಯ ಬಳಿ ಒಂದು ಶಿಲುಬೆಯೂ ಆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡ ಮಹಾನುಭಾವ.

ಕೋಲು ಮುರಿಯದೆ ಅವನ ಬೆನ್ನಿಗೇ ಬಿತ್ತು. ಟೈಲರಕ್ಕ ಪ್ರತಿ ಭಾನುವಾರ ಪೂಜೆ ಮುಗಿಸಿ ಬಂದು, ಮೇಣದಬತ್ತಿ ಹಚ್ಚಿ, ಮಗನ ಹತ್ತಿರ ವಾರದ ಸುದ್ದಿಯೆಲ್ಲ ಹೇಳುತ್ತಿದ್ದಳು. ಹೇಳಿ ಮುಗಿದ ಮೇಲೆ ಗೋಡೆಯ ಕಡೆ ಕೈ ತೋರಿಸುತ್ತಿದ್ದಳು. "ಆ ಹೇಡಿ ಅಲ್ಲಿ ಹುಲ್ಲಿನಡಿ ಬಿದ್ದಿದ್ದಾನೆ. ನೀನು ರಾಜನ ಹಾಗೆ ಮಲಗಿದ್ದೀಯ ಮಗನೇ." ಹತ್ತಿರದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಗುದ್ದಲಿಯಣ್ಣ ತಲೆ ಎತ್ತುತ್ತಿರಲಿಲ್ಲ. ಹೋಗುವಾಗ ಅವಳು ಅವನಿಗೂ ಚೀಲದಿಂದ ಒಂದು ಬನ್ನು ತೆಗೆದು ಕೊಡುತ್ತಿದ್ದಳು. ಒಡಹುಟ್ಟಿದವರಿಲ್ಲದ ಅವನಿಗೆ ಅವಳೇ ಅಕ್ಕನಾದಳು. ಅವಳ ಕೂದಲು ನೆರೆಯಿತು, ಬೆನ್ನು ಬಾಗಿತು. ಅವಳು ಬಾರದ ಭಾನುವಾರ ಒಂದೂ ಇರಲಿಲ್ಲ.

ಪಾದ್ರಿ ಬಂದುಹೋದ ಮೇಲೆ ಗುದ್ದಲಿಯಣ್ಣನ ಅನ್ನ ತಟ್ಟೆಯಲ್ಲೇ ಉಳಿಯತೊಡಗಿತು. "ನಿನ್ನ ಮುಖ ನೋಡಿದ್ರೆ ಹೆಣಕ್ಕೂ ಅಯ್ಯೋ ಪಾಪ ಅನ್ಸುತ್ತೆ, ಏನಾಗಿದೆ ಹೇಳು" ಎಂದಳು ಹೆಂಡತಿ. ಅವನು ತಟ್ಟೆ ಸರಿಸಿ ಎದ್ದ. ಒಂದು ಮಧ್ಯಾಹ್ನ ಎದ್ದು ಹೋಗಿ ಬಾವಿಯ ಚಪ್ಪಡಿ ಸರಿಸಿದ. ಎಲುಬಿನ ಮೇಲೆ ಹೆಸರೇನು ಬರೆದಿರುತ್ತದೆಯೆ? ಯಾರದ್ದಾದರೂ ಸರಿ, ಒಂದಿಷ್ಟು ತೆಗೆದು ಗೋಡೆ ಬದಿಗೆ ಹೂತರೆ ಅಕ್ಕನ ಮಗ ಅಕ್ಕನಿಗೆ ಉಳಿಯುತ್ತಾನೆ, ಚರ್ಚಿಗೊಬ್ಬ ಸಂತ ಸಿಗುತ್ತಾನೆ. ಗುಂಡಿನ ಗುರುತು ಹುಡುಕುವ ಡಾಕ್ಟರಿಗೂ ಏನಾದರೂ ಸಬೂಬು ಹೇಳಬಹುದು. ಹೆಚ್ಚುಕಡಿಮೆ ಬಾಯಿ ತನಕ ತುಂಬಿದ್ದ ಬಾವಿಯೊಳಗೆ ಕೈ ಚಾಚಿದ. ಆಗ ಅವನಿಗೆ ನೆನಪಾದದ್ದು ಸಂತನೂ ಅಲ್ಲ, ನರಕವೂ ಅಲ್ಲ. ಸಾಲಿನಿಂದ ಪಕ್ಕಕ್ಕೆ ಸರಿದ ತನ್ನದೇ ಕಾಲುಗಳು. ಈಗ ಮತ್ತೊಮ್ಮೆ ಸರಿಯುತ್ತಿದ್ದೇನೆ ಅನ್ನಿಸಿತು. ಚಪ್ಪಡಿ ಮುಚ್ಚಿ, ಕೈಕಾಲು ತೊಳೆದು, ಟೈಲರಕ್ಕನ ಅಂಗಡಿಗೆ ನಡೆದ.

ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕಾಲರ್ ಹೊಲಿಯುತ್ತಿದ್ದಳು. ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಕೂರಲು ಹೇಳಿದಳು. ಅವನು ನಿಂತೇ ಹೇಳಿದ. ಗೋಡೆಯ ಮೇಲಿನ ಮಾತಿನಿಂದ ಹಿಡಿದು ಮರಳಿನವರೆಗೆ ಒಂದನ್ನೂ ಬಿಡದೆ ಹೇಳಿದ. ಹೊಲಿಗೆ ಯಂತ್ರ ಯಾವಾಗ ನಿಂತಿತೋ ಅವನಿಗೆ ತಿಳಿಯಲಿಲ್ಲ.

"ಹಾಗಾದ್ರೆ ನನ್ನ ಮಗ ಎಲ್ಲಿದ್ದಾನೆ?"

"ಗೊತ್ತಿಲ್ಲ ಅಕ್ಕ."

"ಪ್ರತಿ ಭಾನುವಾರ ಅಲ್ಲಿ ಕೂತು ನಾನು ಯಾರನ್ನ ಬೈದೆ ಅನ್ನೋದು ಗೊತ್ತಲ್ಲ ನಿನಗೆ? ಅವನ ಎದೆ ಮೇಲೇ ಕೂತು ಅವನನ್ನೇ ಬೈದೆ. ನೀನು ಪಕ್ಕದಲ್ಲೇ ನೀರು ಹಾಕ್ತಾ ಕೇಳಿಸ್ಕೊಂಡೆ."

"ತಪ್ಪಾಯ್ತು ಅಕ್ಕ. ನಿಮಗೆ ನೋವಾಗುತ್ತೆ ಅಂತ..."

"ನನ್ನ ನೋವಿನ ಹೆಸರು ಹೇಳಬೇಡ. ನಿನಗೆ ನನ್ನ ಮುಖ ನೋಡೋಕೆ ಧೈರ್ಯ ಇರಲಿಲ್ಲ, ಅಷ್ಟೆ. ಎದ್ದು ಹೋಗು."

ಅವನು ಕೂತೇ ಇರಲಿಲ್ಲ. ನಿಂತಲ್ಲಿಂದ ಹೊರಗೆ ಹೋದ. ಅಲ್ಲಿಂದ ಸೀದಾ ಪಾದ್ರಿಯ ಬಳಿ ಹೋಗಿ ಎಲ್ಲ ಹೇಳಿದ. ಅವರು ಬೈಯಲಿಲ್ಲ. ಸಮಾಧಿ ಮಗನ ಹೆಸರಿನಲ್ಲಿರುವುದರಿಂದ ತಾಯಿ ಒಪ್ಪಬೇಕು, ಒಪ್ಪದಿದ್ದರೆ ಮುಟ್ಟುವ ಹಾಗಿಲ್ಲ ಎಂದಷ್ಟೇ ಹೇಳಿದರು. ಅವಳು ಒಪ್ಪುವುದಿಲ್ಲ ಎಂದು ಗುದ್ದಲಿಯಣ್ಣನಿಗೆ ಖಾತ್ರಿಯಿತ್ತು. ಒಪ್ಪದಿರಲಿ ಎಂದು ಒಳಗೊಳಗೆ ಆಸೆಯೂ ಇತ್ತು.

ಅವಳು ಒಪ್ಪಿದಳು. ತೆಗೆಯುವ ದಿನ ಒಗೆದ ಸೀರೆ ಉಟ್ಟು ಬಂದು ಎಲ್ಲರಿಗಿಂತ ಮುಂದೆ ನಿಂತಳು. ಗುದ್ದಲಿಯಣ್ಣ ಪ್ರಮಾಣ ಮಾಡಿದ, ಮಣ್ಣು ತೆಗೆದ, ಮುಚ್ಚಳ ಎತ್ತಿದ. ಡಾಕ್ಟರು ಎಲುಬುಗಳನ್ನು ಒಂದೊಂದಾಗಿ ಬಿಳಿ ಬಟ್ಟೆಗೆ ತೆಗೆದಿಟ್ಟು, ಎದೆಗೂಡು ನೋಡಿ ತಲೆಯಾಡಿಸಿದರು. ಟೈಲರಕ್ಕ ಬಗ್ಗಿ ಆ ಬಟ್ಟೆಯ ಅಂಚು ಸರಿಮಾಡಿ, ಎಲುಬುಗಳ ಕಡೆ ನೋಡಿದಳು.

"ನಿನ್ನ ಬಗ್ಗೆ ನಿನ್ನ ಹತ್ತಿರಾನೇ ಕೆಟ್ಟದ್ದು ಹೇಳಿದ್ದೀನಪ್ಪ. ಎಲ್ಲ ಕೇಳಿಸ್ಕೊಂಡೆ ನೀನು. ಹೋಗಿ ಬಾ."

ಪಾದ್ರಿ ಕಣ್ಣೊರೆಸಿಕೊಂಡರು. ಪೆಟ್ಟಿಗೆಯ ತಳದ ಮರಳನ್ನೂ ಸಂತನ ಅವಶೇಷವೆಂದು ತುಂಬಿಕೊಳ್ಳಲು ಜೊತೆಗೆ ಬಂದವರು ಚೀಲ ಬಿಚ್ಚಿದರು. ಆಗ ಟೈಲರಕ್ಕ ಕೈ ಅಡ್ಡ ಹಿಡಿದಳು.

"ಅದನ್ನ ಬಿಡಿ ಫಾದರ್. ಅದು ಅವನದಲ್ಲ. ನನ್ನ ಮಗನ ಬದಲಿಗೆ ಅಂತ ನನಗೆ ಕಳಿಸಿದ್ದು ಅದೊಂದೇ."

ಅವರು ಚೀಲ ಮಡಚಿದರು. ಎಲುಬುಗಳನ್ನು ಹೊಸ ಪೆಟ್ಟಿಗೆಯಲ್ಲಿಟ್ಟು ಹೊತ್ತು, ಹಾಡುತ್ತಾ, ಚರ್ಚಿನ ಕಡೆ ಹೊರಟರು. ಗುದ್ದಲಿಯಣ್ಣ ಮಣ್ಣು ಎಳೆಯಲು ಸಲಿಕೆ ಎತ್ತಿದ.

"ನೀನು ಮುಟ್ಟಬೇಡ" ಎಂದಳು ಅವಳು. ದನಿ ಏರಿಸಲಿಲ್ಲ. "ಅವರ ಹಿಂದೆ ಹೋಗು. ನಿನ್ನ ಸ್ನೇಹಿತ ಹೋಗ್ತಿದ್ದಾನೆ. ಅವತ್ತಂತೂ ಜೊತೆಗೆ ಹೋಗಲಿಲ್ಲ."

ಅವನು ಗೇಟಿನ ತನಕ ಹೋದ. ಮೆರವಣಿಗೆಯ ಕೊನೆಯವರು ಬೀದಿ ತಿರುಗುತ್ತಿದ್ದರು. ನಾಲ್ಕು ಹೆಜ್ಜೆ ಜೋರಾಗಿ ಹಾಕಿದ್ದರೆ ಸೇರಿಕೊಳ್ಳಬಹುದಿತ್ತು. ಅವನಿಗೆ ಆ ಪೆಟ್ಟಿಗೆಯ ಹಿಂದೆ ನಡೆಯುವ ಮುಖ ಇರಲಿಲ್ಲ. ತಿರುಗಿ ನೋಡಿದರೆ ಟೈಲರಕ್ಕ ಮಂಡಿಯೂರಿ ಬರಿಗೈಯಿಂದ ಮಣ್ಣು ನೂಕುತ್ತಿದ್ದಳು. ಆ ವಯಸ್ಸಿಗೆ ಅದು ಸಂಜೆಯ ತನಕದ ಕೆಲಸ. ಗೇಟಿಗೆ ಬೀಗ ಹಾಕುವುದು ಗುದ್ದಲಿಯಣ್ಣನ ಜವಾಬ್ದಾರಿ. ಅವಳು ಮುಗಿಸುವ ತನಕ ಅವನು ಅಲ್ಲೇ ನಿಂತು ಕಾದ.